ಸ್ವಿಸ್ ವಾಚು ಅಲ್ಲೇ ತಗೊಳ್ಳೋದಾ, ಮುಂಬೈಯಲ್ಲೇನಾ?

ಠಾಣೆಯಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಾವಿಬ್ಬರೂ ಮೊದಲು ಪ್ಯಾರಿಸ್ಸಿಗೆ, ಅಲ್ಲಿಂದ ರೈಲಿನಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಝೂರಿಕ್‌ನಿಂದ ಮುಂಬೈಗೆ ವಾಪಸ್ ಬರುತ್ತೇವೆ. ಮದುವೆಯಾಗಿ 25 ವರ್ಷ ಆಯಿತು. ಇಷ್ಟು ದಿನ ಅಪ್ಪ ಕೊಟ್ಟ ಎಚ್‌ಎಂಟಿಯಲ್ಲೇ ಕಾಲ ಹಾಕಿದೆ. ಈ ಸಲ ಒಂದು ಒಳ್ಳೆ ಸ್ವಿಸ್ ವಾಚು ಕಟ್ಟಬೇಕು ಅಂತ ಆಸೆ. ಐದು ಲಕ್ಷದೊಳಗೆ ಆಗಬೇಕು. "ಅಲ್ಲಿ ಅರ್ಧ ರೇಟು, ಮೇಲೆ ಟ್ಯಾಕ್ಸೂ ವಾಪಸ್ ಕೊಡ್ತಾರೆ, ಕೈಗೆ ಕಟ್ಟಿಕೊಂಡು ಬಂದ್ರೆ ಇಲ್ಲಿ ಯಾರೂ ಕೇಳಲ್ಲ" ಅಂತ ನಮ್ಮ ಭಾವ ಹೇಳುತ್ತಾರೆ. ನಿಜವಾ? ಕೊಂಡು ತಂದವರು ದಯವಿಟ್ಟು ಹೇಳಿ.

ಮುಲುಂಡಿನ ಲೆಕ್ಕದವ

ನಿಮ್ಮ ಭಾವ ಹೇಳಿದ ಮೂರು ಮಾತಲ್ಲಿ ಒಂದು ಅರ್ಧ ನಿಜ. ಉಳಿದ ಎರಡು ಸುಳ್ಳು ಮಾರಾಯ್ರೆ. ನಾನು 2023ರಲ್ಲಿ ಲುಸರ್ನ್‌ನಲ್ಲಿ ವಾಚು ಕೊಂಡು ತಂದವನು. ಬಿಲ್ಲು ಇನ್ನೂ ಇಟ್ಟುಕೊಂಡಿದ್ದೇನೆ. ಹೆಂಡತಿ ಆಗಾಗ ತೆಗೆದು ತೋರಿಸುತ್ತಾಳೆ, ಅದಕ್ಕೇ ಕಳೆದಿಲ್ಲ.

ಲುಸರ್ನ್‌ನಲ್ಲಿ ಶ್ವಾನೆನ್‌ಪ್ಲಾಟ್ಸ್ ಅಂತ ಒಂದು ಚೌಕ ಇದೆ. ಟೂರಿನ ಬಸ್ಸುಗಳು ಅಲ್ಲೇ ನಿಲ್ಲುತ್ತವೆ, ಎದುರಿಗೇ ವಾಚಿನ ಅಂಗಡಿಗಳು. ನಮಗೆ ಸಿಕ್ಕಿದ್ದು ಒಂದು ಗಂಟೆ. ಐಸ್‌ಕ್ರೀಂ ತಿನ್ನಲು ಹೋದವರು ವಾಚು ಕೊಂಡು ಬಂದೆವು. ಬೆಲೆ 4,800 ಫ್ರಾಂಕ್. ಆಗ ಫ್ರಾಂಕಿಗೆ ಸುಮಾರು 92 ರೂಪಾಯಿ. ಅಂದರೆ 4 ಲಕ್ಷ 41 ಸಾವಿರ. ಮುಂಬೈಯಲ್ಲಿ ಅದೇ ವಾಚಿಗೆ 4 ಲಕ್ಷ 85 ಸಾವಿರ ಇತ್ತು. 44 ಸಾವಿರ ಉಳಿಯಿತು, ಟ್ಯಾಕ್ಸ್ ವಾಪಸ್ ಬಂದರೆ ಇನ್ನೂ ಜಾಸ್ತಿ ಅಂತ ಖುಷಿಯೋ ಖುಷಿ.

ಆಗ ಅಲ್ಲಿನ ವ್ಯಾಟ್, ಅಂದರೆ ಬೆಲೆಯಲ್ಲೇ ಸೇರಿರುವ ಮಾರಾಟ ತೆರಿಗೆ, 7.7 ಪರ್ಸೆಂಟ್. 2024ರಿಂದ 8.1 ಆಗಿದೆ. ಅದೇನು ಪೂರ್ತಿ ಕೈಗೆ ಬರುವುದಿಲ್ಲ, ವಾಪಸ್ ಕೊಡಿಸುವ ಕಂಪನಿ ತನ್ನ ಪಾಲು ಹಿಡಿದುಕೊಳ್ಳುತ್ತದೆ. ನನಗೆ ಬಂದದ್ದು 270 ಫ್ರಾಂಕ್, ಹತ್ತಿರ ಹತ್ತಿರ 25 ಸಾವಿರ ರೂಪಾಯಿ. ಇತ್ತ ಕ್ರೆಡಿಟ್ ಕಾರ್ಡಿನವರು ವಿದೇಶದ ಖರ್ಚು ಅಂತ 3.5 ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ ಅಂತ ಸೇರಿಸಿ 18 ಸಾವಿರ ತಿಂದರು. ಬಂದದ್ದರಲ್ಲಿ ಉಳಿದದ್ದು 7 ಸಾವಿರ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂಬೈಯಲ್ಲಿ ಇಳಿದು ರೆಡ್ ಚಾನೆಲ್‌ಗೆ, ಅಂದರೆ ಸುಂಕ ಕಟ್ಟಬೇಕಾದ ಸಾಮಾನು ಇದ್ದವರ ಸಾಲಿಗೆ ಹೋದೆ. ಆಗ ಒಬ್ಬರಿಗೆ ಸುಂಕವಿಲ್ಲದೆ ತರಲು 50 ಸಾವಿರದ ಮಿತಿ. ಅದರ ಮೇಲಿನದಕ್ಕೆ 35 ಪರ್ಸೆಂಟ್, ಸುಂಕದ ಮೇಲೆ ಹತ್ತು ಪರ್ಸೆಂಟ್ ಸರ್‌ಚಾರ್ಜ್, ಒಟ್ಟು 38.5. ಕಟ್ಟಿದ್ದು ಒಂದೂವರೆ ಲಕ್ಷ! ಕೊನೆಗೆ ಆ ವಾಚು ನನಗೆ ಬಿದ್ದದ್ದು 5 ಲಕ್ಷ 85 ಸಾವಿರಕ್ಕೆ. ಮನೆಯಿಂದ ಲೋಕಲ್ ಹತ್ತಿ ಹೋಗಿ ಕೊಂಡಿದ್ದರೆ ಒಂದು ಲಕ್ಷ ಕಡಿಮೆ ಆಗುತ್ತಿತ್ತು.

ಇಲ್ಲಿನ ಅಂಗಡಿಯವರೂ ಸುಂಕ ಕಟ್ಟಿಯೇ ತರಿಸುತ್ತಾರಲ್ವಾ, ಅವರಿಗೆ ಹೇಗೆ ಪೂರೈಸುತ್ತದೆ ಅಂತ ನನಗೂ ತಲೆ ಕೆಟ್ಟಿತ್ತು. ಅವರು ಸುಂಕ ಕಟ್ಟುವುದು ಕಂಪನಿಯ ಸಗಟು ಬೆಲೆಯ ಮೇಲೆ. ನಾವು ಕಟ್ಟುವುದು ಅಂಗಡಿಯ ಬಿಲ್ಲಿನ ಮೇಲೆ, ಅಂದರೆ ಅವರ ಲಾಭ, ಬಾಡಿಗೆ ಎಲ್ಲದರ ಮೇಲೂ. ದರವೂ ನಮಗೇ ಜಾಸ್ತಿ. ಅದರ ಮೇಲೆ ಸ್ವಿಟ್ಜರ್ಲೆಂಡ್ ಇರುವ ಇಎಫ್‌ಟಿಎ ಅನ್ನುವ ಯೂರೋಪಿನ ವ್ಯಾಪಾರ ಗುಂಪಿನ ಜೊತೆ ನಮ್ಮ ದೇಶ ಮಾಡಿಕೊಂಡ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಆಮದು ಸುಂಕ ಏಳು ವರ್ಷದಲ್ಲಿ ಹಂತಹಂತವಾಗಿ ಇಳಿಯುತ್ತದೆ. ಇನ್ನು ಮುಂದೆ ಅಲ್ಲಿಂದ ಹೊತ್ತು ತರುವುದಕ್ಕೆ ಅರ್ಥವೇ ಕಡಿಮೆ.

2026ರ ಫೆಬ್ರವರಿಯಿಂದ ಸುಂಕವಿಲ್ಲದೆ ತರುವ ಮಿತಿ 75 ಸಾವಿರ ಆಗಿದೆ. ಆದರೆ ಇಬ್ಬರಿದ್ದೇವೆ, ಒಂದೂವರೆ ಲಕ್ಷ ಅಂತ ಲೆಕ್ಕ ಹಾಕಬೇಡಿ. ಗಂಡ ಹೆಂಡತಿಯ ಮಿತಿ ಒಟ್ಟು ಸೇರಿಸಲು ಬರುವುದಿಲ್ಲ. ಹೊರಡುವ ವಾರ ಕಸ್ಟಮ್ಸ್ ಜಾಲತಾಣದಲ್ಲಿ ದರ ಒಮ್ಮೆ ನೋಡಿಕೊಳ್ಳಿ.

ಕೋಥ್ರೂಡ್ ಅಕ್ಕ

ಮುಲುಂಡಿನವರ ಲೆಕ್ಕ ಓದಿ ನನ್ನ ಗಾಯವೂ ನೆನಪಾಯಿತು. ನಿಮ್ಮ ದಾರಿ ನೋಡಿ ಗಾಬರಿಯಾಗಿ ಬರೆಯುತ್ತಿದ್ದೇನೆ. ಪ್ಯಾರಿಸ್ ಮೊದಲು, ರೈಲಿನಲ್ಲಿ ಸ್ವಿಸ್, ಝೂರಿಕ್‌ನಿಂದ ವಿಮಾನ. ನಾವು ಹೋದದ್ದೂ ಸರಿಯಾಗಿ ಇದೇ ದಾರಿಯಲ್ಲಿ.

ಪ್ಯಾರಿಸ್ಸಿನಲ್ಲಿ ನಮ್ಮವರಿಗೆ ಒಂದು ವಾಚು ಕೊಂಡೆವು, 3,000 ಯೂರೋ. ಫ್ರಾನ್ಸಿನ ವ್ಯಾಟ್ 20 ಪರ್ಸೆಂಟ್. ಕೈಗೆ ಸುಮಾರು 12 ಪರ್ಸೆಂಟ್ ಬರುತ್ತದೆ ಅಂತ ಅಂಗಡಿಯವರು ಹೇಳಿದರು. ಪಾಸ್‌ಪೋರ್ಟ್ ನೋಡಿ ಬಾರ್‌ಕೋಡ್ ಇರುವ ಒಂದು ಕಾಗದ ಕೊಟ್ಟರು. "ಹೊರಡುವಾಗ ಏರ್‌ಪೋರ್ಟಿನಲ್ಲಿ ಯಂತ್ರಕ್ಕೆ ತೋರಿಸಿ" ಅಂದರು. ಯಾವ ಏರ್‌ಪೋರ್ಟು ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಐದು ದಿನ ಕಳೆದು ಝೂರಿಕ್‌ನಲ್ಲಿ ಆ ಕಾಗದ ತೋರಿಸಿದರೆ ಅಲ್ಲಿನವರು ತಲೆ ಅಲ್ಲಾಡಿಸಿದರು. ಸ್ವಿಟ್ಜರ್ಲೆಂಡ್ ಯೂರೋಪಿಯನ್ ಒಕ್ಕೂಟದಲ್ಲಿ ಇಲ್ಲ. ನಮ್ಮ ವೀಸಾ ಒಂದೇ ಆದರೂ ಸುಂಕದ ಗಡಿ ಬೇರೆ. ಫ್ರಾನ್ಸಿನ ಕಾಗದಕ್ಕೆ ಒಕ್ಕೂಟ ಬಿಟ್ಟು ಹೊರಡುವ ಕೊನೆಯ ಜಾಗದಲ್ಲಿ ಮುದ್ರೆ ಬೀಳಬೇಕಿತ್ತು. ನಮ್ಮ ಪಾಲಿಗೆ ಆ ಜಾಗ ರೈಲಿನ ಕಿಟಕಿಯಾಚೆ ಯಾವಾಗಲೋ ದಾಟಿಹೋಗಿತ್ತು. ಆಗ ನಾನು ಹಸು ನೋಡುತ್ತಾ ಚಕ್ಕುಲಿ ತಿನ್ನುತ್ತಿದ್ದೆ. 360 ಯೂರೋ ಹೋಯಿತು.

ನಿಮಗೆ ಕೊಳ್ಳಲೇಬೇಕು ಅಂತಿದ್ದರೆ ವಿಮಾನ ಹತ್ತುವ ದೇಶದಲ್ಲಿ, ಅಂದರೆ ಸ್ವಿಸ್‌ನಲ್ಲೇ ಕೊಳ್ಳಿ. ಅಲ್ಲಿ 300 ಫ್ರಾಂಕ್ ಮೇಲಿನ ಬಿಲ್ಲು ಆಗಬೇಕು, 90 ದಿನದೊಳಗೆ ದೇಶ ಬಿಡಬೇಕು. ವಾಚನ್ನು ಚೆಕ್‌ಇನ್ ಬ್ಯಾಗಿಗೆ ಹಾಕಬೇಡಿ. ಮುದ್ರೆ ಹಾಕುವವರು ಸಾಮಾನು ತೋರಿಸಿ ಅಂದರೆ ತೋರಿಸಬೇಕು. ಏರ್‌ಪೋರ್ಟಿಗೆ ಒಂದು ಗಂಟೆ ಮೊದಲೇ ಹೋಗಿ, ಆ ಸಾಲಿನಲ್ಲಿ ಅರ್ಧ ನಮ್ಮವರೇ ಇರುತ್ತಾರೆ.

ವಾಸ್ಕೋದ ಹಡಗಿನವ

ಬಂದರು ಬಂದರು ಸುತ್ತಿದವನ ಎರಡು ಮಾತು. ಲಂಡನ್ ಸುದ್ದಿಗೆ ಹೋಗಬೇಡಿ, ಅವರು 2021ರಿಂದ ಪ್ರವಾಸಿಗರಿಗೆ ಅಂಗಡಿ ವ್ಯಾಟ್ ವಾಪಸ್ ಕೊಡುವುದನ್ನೇ ನಿಲ್ಲಿಸಿದ್ದಾರೆ. ಹಾಂಗ್‌ಕಾಂಗ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ. ದುಬೈಯಲ್ಲಿ 5 ಪರ್ಸೆಂಟ್ ಮಾತ್ರ, ಅದರಲ್ಲಿ ಬಹುಪಾಲು ವಾಪಸ್. ಸಿಂಗಾಪುರದಲ್ಲಿ ಈಗ 9 ಪರ್ಸೆಂಟ್. ದುಬೈಯ ದೇರಾದ ಗಲ್ಲಿಯಲ್ಲಿ "ಕಾಪಿ ವಾಚ್, ಕಾಪಿ ವಾಚ್" ಅಂತ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಅವರಾದರೂ ನಕಲಿ ಅಂತ ಹೇಳಿಯೇ ಮಾರುತ್ತಾರೆ. ಹೇಳದೆ ಮಾರುವವರು ನಮ್ಮ ಮುಂಬೈಯ ಚೋರ್ ಬಜಾರಿನಲ್ಲಿ ಸಿಗುತ್ತಾರೆ, ಹಳೇ ವಾಚಿನ ಡಯಲಿಗೆ ಹೊಸ ಬಣ್ಣ ಬಳಿದು.

ಇನ್ನೊಂದು. ಕಾರ್ಡು ಉಜ್ಜುವಾಗ ಯಂತ್ರ "ರೂಪಾಯಿಯಲ್ಲಿ ಕೊಡ್ತೀರಾ, ಫ್ರಾಂಕಿನಲ್ಲಾ" ಅಂತ ಕೇಳುತ್ತದೆ. ರೂಪಾಯಿ ನೋಡಿ ಮನಸ್ಸು ಕರಗುತ್ತದೆ. ಒತ್ತಬೇಡಿ. ಆ ಯಂತ್ರದ ರೇಟು ಯಾವಾಗಲೂ ದುಬಾರಿ.

ಡೊಂಬಿವಲಿ ಹುಡುಗ

ಎಲ್ಲರೂ ಅಣ್ಣನನ್ನು ಹೆದರಿಸುತ್ತಿದ್ದೀರಿ. ಮಿತಿಯೊಳಗಿನ ವಾಚಾದರೆ ಹೊರಗಡೆ ಕೊಳ್ಳುವುದೇ ಲಾಭ. 2024ರಲ್ಲಿ ಆಫೀಸಿನ ಕೆಲಸಕ್ಕೆ ಟೋಕಿಯೋಗೆ ಹೋದಾಗ ಒಂದು ಸೀಕೋ ವಾಚು ತಂದೆ, 48,000 ಯೆನ್. ನಮ್ಮ ದುಡ್ಡಲ್ಲಿ 27 ಸಾವಿರ. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿದರೆ 10 ಪರ್ಸೆಂಟ್ ತೆರಿಗೆ ಹಾಕಲೇ ಇಲ್ಲ. ಇಲ್ಲಿ ಬಂದು ಸುಂಕವೂ ಇಲ್ಲ. ನಮ್ಮಲ್ಲಿ ಆ ಮಾಡೆಲ್ಲೇ ಬರುವುದಿಲ್ಲ. ಈಗ ಆ ಪದ್ಧತಿ ಬದಲಾಗುತ್ತಿದೆ. 2026ರ ನವೆಂಬರ್‌ನಿಂದ ಅಲ್ಲೂ ಪೂರ್ತಿ ದುಡ್ಡು ಕೊಟ್ಟು ಹೊರಡುವಾಗ ವಾಪಸ್ ತಗೊಳ್ಳಬೇಕು. ಐದು ಲಕ್ಷದ ವಾಚು ನಾನು ಕನಸಲ್ಲೂ ಕಟ್ಟಿಲ್ಲ, ಅದರ ಬಗ್ಗೆ ಹಿರಿಯರೇ ಹೇಳಲಿ.

ಠಾಣೆಯಿಂದ

ಅಬ್ಬಾ, ಕಣ್ಣು ತೆರೆಸಿದಿರಿ. ಅಕ್ಕ, ಆ ರೈಲಿನ ವಿಷಯ ಟೂರಿನವರೂ ಹೇಳಿರಲಿಲ್ಲ. ಆದರೆ ಭಾವ ಇನ್ನೂ ಪಟ್ಟು ಬಿಟ್ಟಿಲ್ಲ. "ಪೆಟ್ಟಿಗೆ ಅಲ್ಲೇ ಬಿಸಾಕಿ ಕೈಗೆ ಕಟ್ಟಿಕೊಂಡು, ಸುಂಕದ ಸಾಮಾನು ಇಲ್ಲ ಅನ್ನುವವರ ಗ್ರೀನ್ ಚಾನೆಲ್‌ನಲ್ಲಿ ಬಾ, ಹಳೇ ವಾಚು ಅನ್ನು" ಅಂತಾರೆ.

ಮುಲುಂಡಿನ ಲೆಕ್ಕದವ

ನಿಮ್ಮ ಭಾವ ನಿಮ್ಮ ಜೊತೆ ಸಾಲಲ್ಲಿ ನಿಲ್ಲುತ್ತಾರಾ? ಇಲ್ಲ ಅಲ್ವಾ. ವಾರಂಟಿ ಕಾರ್ಡಿನ ಮೇಲೆ ಕೊಂಡ ತಾರೀಕು ಇರುತ್ತದೆ, ವಾಚಿನ ನಂಬರೂ ಇರುತ್ತದೆ. ಝೂರಿಕ್‌ನಲ್ಲಿ ನೀವೇ "ಇದನ್ನು ದೇಶದಿಂದ ಹೊರಗೆ ಒಯ್ಯುತ್ತಿದ್ದೇನೆ" ಅಂತ ಮುದ್ರೆ ಹಾಕಿಸಿ ದುಡ್ಡು ತಗೊಂಡಿರುತ್ತೀರಿ. ಎಂಟು ಗಂಟೆ ಕಳೆದು ಇಲ್ಲಿ ಹಳೇದು ಅನ್ನುವುದು ಯಾವ ಬಾಯಲ್ಲಿ? ಸಿಕ್ಕಿಬಿದ್ದರೆ ವಾಚು ಜಪ್ತಿ. ಬಿಡಿಸಿಕೊಳ್ಳಲು ಸುಂಕದ ಜೊತೆ ದಂಡ ಬೇರೆ. ಬೆಳ್ಳಿಹಬ್ಬದ ಪ್ರವಾಸ ಕಸ್ಟಮ್ಸ್ ಬೆಂಚಿನ ಮೇಲೆ ಮುಗಿಯುವುದು ಬೇಡ. ಕಾನೂನು ಹಾಗಿರಲಿ, ಪೆಟ್ಟಿಗೆ ಕಾರ್ಡು ಇಲ್ಲದ ವಾಚನ್ನು ನಾಳೆ ಮಾರಲು ಹೋದರೆ ಅಂಗಡಿಯವನು ಮೂಗು ಮುರಿಯುತ್ತಾನೆ.

ಚೆಂಬೂರಿನ ಹಿರಿಯರು

ಹೊರಗಿಂದ ತರುವ ಮಾತೇ ಆಯಿತು, ಇಲ್ಲಿಂದ ಕಟ್ಟಿಕೊಂಡು ಹೋಗುವವರ ಕಥೆಯೂ ಕೇಳಿ. ನನ್ನದು ಇಲ್ಲೇ ಕೊಂಡ ವಾಚು, ಮಕ್ಕಳು ಷಷ್ಟಿಪೂರ್ತಿಗೆ ಕೊಡಿಸಿದ್ದು. ಮಗಳ ಮನೆಗೆ ಅಂತ ದುಬೈಗೆ ಹೋಗಿ ಬರುವಾಗ ಕಸ್ಟಮ್ಸಿನವರು ನಿಲ್ಲಿಸಿದರು. ಎಲ್ಲಿ ತಗೊಂಡಿರಿ, ಬಿಲ್ಲು ಎಲ್ಲಿ? ಬಿಲ್ಲು ಮನೆಯ ಗೋದ್ರೆಜ್ ಕಪಾಟಿನಲ್ಲಿ. ಮಗ ಎದ್ದು ಹುಡುಕಿ ಫೋಟೋ ತೆಗೆದು ಕಳಿಸುವವರೆಗೆ ಎರಡು ಗಂಟೆ ಕೂತೆ. ಒಬ್ಬರು ಪುಣ್ಯಾತ್ಮರು ಚಹಾ ಕೊಡಿಸಿದರು, ಸುಳ್ಳು ಹೇಳಬಾರದು.

ಆಮೇಲೆ ಗೊತ್ತಾಯಿತು. ಹೊರಡುವಾಗಲೇ ಏರ್‌ಪೋರ್ಟಿನ ಕಸ್ಟಮ್ಸಿನಲ್ಲಿ ವಾಚು, ಬಿಲ್ಲು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ವಾಪಸ್ ಬರುವಾಗ ಯಾರೂ ಸುಂಕ ಕೇಳುವಂತಿಲ್ಲ. ಈಗ ಪ್ರತಿ ಸಲ ಮಾಡಿಸುತ್ತೇನೆ. ಹೊಸ ವಾಚನ್ನು ಇಲ್ಲೇ ಕೊಂಡು ಪ್ಯಾರಿಸ್ಸಿನಲ್ಲಿ ಕಟ್ಟುವ ಯೋಚನೆ ಬಂದರೆ ನೀವೂ ಮಾಡಿಸಿ.

ಬಾಂದ್ರಾದಿಂದ

ನಮ್ಮವರಿಗೆ ಕಳೆದ ದೀಪಾವಳಿಗೆ ಇಲ್ಲೇ ತಗೊಂಡೆವು. ಬೋರ್ಡಿನ ಬೆಲೆ ಕೇಳಿ ಎದ್ದು ಬರಬೇಡಿ. ಕೂತು, ಕಾಫಿ ಕುಡಿದು, "ಕೊನೆಗೆ ಎಷ್ಟು" ಅಂತ ಕೇಳಿ. ನಮಗೆ ಎಂಟು ಪರ್ಸೆಂಟ್ ಬಿಟ್ಟರು. ಕೇಳಲು ನಾಚಿಕೆ ಬೇಡ, ದೊಡ್ಡ ದೊಡ್ಡ ಕಾರಲ್ಲಿ ಬಂದವರೂ ಪಕ್ಕದ ಮೇಜಿನಲ್ಲಿ ಕೇಳುತ್ತಿದ್ದರು. ರೋಲೆಕ್ಸ್ ಆದರೆ ಈ ಆಟ ನಡೆಯುವುದಿಲ್ಲ. ಅದರ ಕೆಲವು ಸ್ಟೀಲ್ ಮಾಡೆಲ್‌ಗಳಿಗೆ ದುಡ್ಡು ಹಿಡಿದು ನಿಂತರೂ ಹೆಸರು ಬರೆಸಿ ಕಾಯಬೇಕು, ಝೂರಿಕ್‌ನಲ್ಲೂ ಅಷ್ಟೇ. ಐದು ನಿಮಿಷಕ್ಕೆ ಸಿಗುತ್ತದೆ ಅಂತ ನಂಬಿ ಹೋಗಬೇಡಿ.

ಠಾಣೆಯಿಂದ

ಮನೆಯಲ್ಲಿ ಚರ್ಚೆ ಆಯಿತು. ಭಾನುವಾರ ಮುಂಬೈಯ ಲೋವರ್ ಪರೇಲ್‌ನ ಅಂಗಡಿಗೆ ಹೋಗಿ ನನ್ನ ವಾಚಿನ ಬೆಲೆ ಕೇಳಿ ಬರುತ್ತೇವೆ, ಕೊನೆಗೆ ಎಷ್ಟು ಅಂತ. ಅಲ್ಲೇ ಕೊಂಡು ಸರ್ಟಿಫಿಕೇಟ್ ಮಾಡಿಸಿಕೊಂಡು ಹೊರಡುವುದು ಅಂತ ಇಬ್ಬರೂ ಒಪ್ಪಿದೆವು. ಹೆಂಡತಿಗೆ ಮಾತ್ರ ಸ್ವಿಸ್ ಮಣ್ಣಿನಲ್ಲೇ ಒಂದು ಸಣ್ಣದು ಬೇಕಂತೆ, ಮಿತಿಯೊಳಗೆ. ಸ್ಟೀಲಿನ ಪಟ್ಟಿ ಅವಳ ಕೈಗೆ ಸಡಿಲ ಆದರೆ ಅಲ್ಲೇ ಸರಿ ಮಾಡಿಕೊಡುತ್ತಾರಾ?

ಮುಲುಂಡಿನ ಲೆಕ್ಕದವ

ಮಾಡಿಕೊಡುತ್ತಾರೆ, ದುಡ್ಡಿಲ್ಲ. ಬಿಚ್ಚಿದ ಕೊಂಡಿಗಳನ್ನು ಕೇಳಿ ತಗೊಳ್ಳಿ. ನನ್ನವು ಎರಡು ಇನ್ನೂ ಲುಸರ್ನ್‌ನಲ್ಲೇ ಇವೆ. ಈಗ ನನ್ನ ಕೈ ಸ್ವಲ್ಪ ದಪ್ಪ ಆಗಿದೆ.