ಗಡಿಯಾರ ಅರ್ಧ ಗಂಟೆ ಮುಂದಿಡುವ ಅರ್ಜಿ: ನಮ್ಮ ಮನೆ ಗುಂಪಿನ ಚರ್ಚೆ

ಸಾಗರದ ಭಾವ (ಫಾರ್ವರ್ಡ್): ಅಮೆರಿಕಾದಲ್ಲಿ ಬೇಸಿಗೆ ಬಂದರೆ ಗಡಿಯಾರ ಒಂದು ಗಂಟೆ ಮುಂದಿಟ್ಟು ಕರೆಂಟ್ ಉಳಿಸುತ್ತಾರೆ. ಅಲ್ಲಿನ ರೈತರಿಗಾಗಿಯೇ ಈ ಪದ್ಧತಿ ಬಂದಿದ್ದು. ಭಾರತವೂ ಗಡಿಯಾರವನ್ನು ವರ್ಷವಿಡೀ ಅರ್ಧ ಗಂಟೆ ಮುಂದಿಡಲಿ. ಸಂಜೆ ಬೆಳಕು ಜಾಸ್ತಿ ಸಿಗುತ್ತದೆ. ಅರ್ಜಿಗೆ ಸಹಿ ಹಾಕಿ, ಹತ್ತು ಜನಕ್ಕೆ ಕಳಿಸಿ.

ಸಾಗರದ ಭಾವ: ನಾನು ಸಹಿ ಹಾಕಿದೆ. ಒಳ್ಳೆ ವಿಷಯ, ಎಲ್ಲರೂ ಹಾಕಿ.

ಅಕ್ಕ: ನಾನೂ ಹಾಕಿದೆ.

ನಾನು: ಭಾವ, ಬೇಜಾರು ಮಾಡಿಕೊಳ್ಳಬೇಡಿ. ನಾನು ಹಾಕುವುದಿಲ್ಲ. ಈ ಅರ್ಜಿ ಗೆದ್ದರೆ ಮೊದಲ ಪೆಟ್ಟು ನಮ್ಮ ಕಡೆಯ ಮಕ್ಕಳಿಗೇ ಬೀಳುತ್ತದೆ.

ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ಹತ್ತಿರ. ಮಗನ ಶಾಲೆ ಬಸ್ಸು ತೀರ್ಥಹಳ್ಳಿ ರೋಡಿಗೆ ಬರುವುದು ಏಳಕ್ಕೆ. ಅಷ್ಟರೊಳಗೆ ಅವನು ತೋಟಕ್ಕಿಳಿದು, ಹಳ್ಳದ ಮೇಲಿನ ಮರದ ಸಂಕ ದಾಟಿ, ಬೇಲಿಯ ದಣಪೆ ಸರಿಸಿ ಮೇಲೆ ಹತ್ತಬೇಕು. ಈಗಲೇ ಟಾರ್ಚ್ ಹಿಡಿದು ನಾನು ಮುಂದೆ, ಅವನು ಹಿಂದೆ. ಇಬ್ಬನಿ ಬಿದ್ದ ಸಂಕದ ಮರ ಹೇಗೆ ಜಾರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಗಡಿಯಾರ ಮುಂದೆ ಹೋದರೆ ಆ ಏಳು ಗಂಟೆ ಈಗಿನ ಆರೂವರೆ. ಆ ಹೊತ್ತಿಗೆ ತೋಟದೊಳಗೆ ಕಾಲಿಡುವ ಜಾಗವೇ ಕಾಣುವುದಿಲ್ಲ.

ಸಾಗರದ ಭಾವ: ನೋಡಮ್ಮ, ಒಂದು ಸಂಕ ನೋಡಿಕೊಂಡು ದೇಶದ ಗಡಿಯಾರ ಇಡುವುದಕ್ಕೆ ಆಗುತ್ತದಾ? ಇದು ಸುಮ್ನೆ ಯಾರೋ ಹೇಳಿದ ಮಾತಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ, ಸೇನ್‌ಗುಪ್ತಾ ಅವರು 2007ರಲ್ಲಿ ಲೆಕ್ಕ ಹಾಕಿ ಬರೆದಿದ್ದಾರೆ. ಅರ್ಧ ಗಂಟೆ ಮುಂದಿಟ್ಟರೆ ವರ್ಷಕ್ಕೆ 200 ಕೋಟಿ ಯೂನಿಟ್‌ಗಿಂತ ಹೆಚ್ಚು ಉಳಿಯುತ್ತದೆ ಅಂತ. ಸಂಜೆ ಎಲ್ಲರೂ ಒಟ್ಟಿಗೆ ಲೈಟ್ ಹಾಕುವ ಹೊತ್ತಿನ ಹೊರೆ ಇಳಿಯುತ್ತದೆ. ಕರೆಂಟ್ ಹೋದಾಗ ಮೊದಲು ಬೈಯುವವರು ನಾವೇ ಅಲ್ವಾ?

ನಾನು: ಆ ಲೆಕ್ಕವನ್ನು ನಾನು ಹಗುರವಾಗಿ ನೋಡುವುದಿಲ್ಲ ಭಾವ. ಆದರೆ ಅದು 2007ರ ಲೆಕ್ಕ. ಆಗ ನಿಮ್ಮ ಅಡಿಕೆ ಸುಲಿಯುವ ಜಗಲಿಯಲ್ಲಿ 60 ವ್ಯಾಟಿನ ಬಲ್ಬು ಸಾಲಾಗಿ ಉರಿಯುತ್ತಿದ್ದವು. ಈಗ 9 ವ್ಯಾಟಿನ ಎಲ್‌ಇಡಿ. 2015ರಿಂದ ಸರ್ಕಾರವೇ ಕಡಿಮೆ ಬೆಲೆಗೆ ಹಂಚಿತು. ಬೆಳಕಿಗೆ ಖರ್ಚಾಗುವ ಕರೆಂಟೇ ಇಳಿದ ಮೇಲೆ ಉಳಿತಾಯವೂ ಇಳಿಯಬೇಕಲ್ಲ?

ಶಿಕಾಗೋ ಅಣ್ಣ: ಇಲ್ಲಿ ಬೆಳಗಾಯಿತು, ಈಗ ನೋಡಿದೆ. ಭಾವ, ಅಮೆರಿಕಾ ಹೆಸರು ಬಂದಿದ್ದಕ್ಕೆ ಹೇಳುತ್ತೇನೆ. ಫಾರ್ವರ್ಡ್‌ನಲ್ಲಿರುವ ರೈತರ ಮಾತು ಪೂರ್ತಿ ಉಲ್ಟಾ. ಗಡಿಯಾರ ಮುಂದಿಡುವ ಕಾನೂನು ಇಲ್ಲಿ ಬಂದಿದ್ದು 1918ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ. ಅದರ ವಿರುದ್ಧ ಎದ್ದು ನಿಂತವರೇ ರೈತರು. ಮುಂದಿನ ವರ್ಷವೇ ಸಂಸತ್ತು ಅದನ್ನು ಕಿತ್ತುಹಾಕಿತು. ಅಧ್ಯಕ್ಷ ವಿಲ್ಸನ್ ತಡೆದರೂ ಕೇಳಲಿಲ್ಲ.

ಸಾಗರದ ಭಾವ: ರೈತರಿಗೆ ಏನು ತೊಂದರೆ? ಸಂಜೆ ಬೆಳಕಿದ್ದರೆ ಒಳ್ಳೆಯದೇ ತಾನೆ?

ಶಿಕಾಗೋ ಅಣ್ಣ: ಕೊಯ್ದ ಹುಲ್ಲಿನ ಮೇಲಿನ ಇಬ್ಬನಿ ಆರುವ ತನಕ ಅದನ್ನು ಒಟ್ಟುಮಾಡುವುದಕ್ಕೆ ಆಗುವುದಿಲ್ಲ. ಇಬ್ಬನಿ ಆರುವುದು ಬಿಸಿಲಿಗೆ, ಗಡಿಯಾರಕ್ಕಲ್ಲ. ಕೆಲಸದವರು ಮಾತ್ರ ಗಡಿಯಾರ ನೋಡಿ ಮನೆಗೆ ಹೊರಡುತ್ತಾರೆ. ಬೆಳಿಗ್ಗೆ ಒಂದು ಗಂಟೆ ಸುಮ್ನೆ ಕೂರುವುದು, ಸಂಜೆ ಒಳ್ಳೆ ಒಣಗಿದ ಹೊತ್ತಿನಲ್ಲಿ ಆಳಿಲ್ಲ.

ನಾನು: ಅಣ್ಣ, ಇದು ನಮ್ಮ ಅಡಿಕೆ ಕೊನೆ ಕೊಯ್ಲಿನ ಕಥೆಯೇ! ಗೊನೆ ಇಳಿಸುವ ಕೊನೆಗಾರ ಎಂಟಕ್ಕೇ ಬಂದರೂ ಮರ ಹತ್ತುತ್ತಾನಾ? ಇಬ್ಬನಿಗೆ ಮರ ಜಾರುತ್ತದೆ. ಬಿಸಿಲು ತೋಟದೊಳಗೆ ಇಳಿಯಲಿ ಅಂತ ಎಲೆ ಅಡಿಕೆ ಹಾಕುತ್ತಾ ಕಾಯುತ್ತಾನೆ. ಗಡಿಯಾರ ಮುಂದೆ ಹೋದರೆ ಹತ್ತುವುದು ಇನ್ನೂ ಅರ್ಧ ಗಂಟೆ ತಡ, ಸಂಜೆ ಕೆಲಸ ಬಿಡುವುದು ಮಾತ್ರ ಅದೇ ಐದಕ್ಕೆ. ಆ ಅರ್ಧ ಗಂಟೆಯಲ್ಲಿ ಎಷ್ಟು ಕೊನೆ ಇಳಿಯುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು ಭಾವ.

ಸಾಗರದ ಭಾವ: ಕೊನೆಗಾರರ ವಿಷಯ ಸರಿ. ಒಪ್ಪಿದೆ. ಕರೆಂಟ್ ವಿಷಯ ಹೇಳಿ. ಅಷ್ಟು ದೊಡ್ಡ ದೇಶ ಉಳಿತಾಯ ಇಲ್ಲದೆ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತದಾ?

ಶಿಕಾಗೋ ಅಣ್ಣ: ಉಳಿತಾಯ ಇದೆ, ಆದರೆ ಸಣ್ಣದು. 2007ರಿಂದ ಇಲ್ಲಿ ಬೇಸಿಗೆ ಸಮಯವನ್ನು ಇನ್ನೂ ಕೆಲವು ವಾರ ಎಳೆದರು. ಈಗ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕ. ಹಾಗೆ ಹೆಚ್ಚಿಸಿದ ವಾರಗಳಲ್ಲಿ ದಿನಕ್ಕೆ ಶೇಕಡಾ ಅರ್ಧದಷ್ಟು ಕರೆಂಟ್ ಉಳಿಯಿತು ಅಂತ ಇಲ್ಲಿನ ಇಂಧನ ಇಲಾಖೆಯೇ ಹೇಳಿತು. ಇಡೀ ವರ್ಷದ ಲೆಕ್ಕಕ್ಕೆ ಅದು ಶೇಕಡಾ 0.03.

ನಮ್ಮ ಪಕ್ಕದ ಇಂಡಿಯಾನಾ ರಾಜ್ಯದಲ್ಲಿ ಇನ್ನೂ ಬೇರೆ ಕಥೆ. ಅಲ್ಲಿ ಎಷ್ಟೋ ಜಿಲ್ಲೆಗಳು ಗಡಿಯಾರ ಮುಟ್ಟುತ್ತಿರಲಿಲ್ಲ. 2006ರಲ್ಲಿ ಇಡೀ ರಾಜ್ಯಕ್ಕೆ ಜಾರಿಯಾಯಿತು. ಮ್ಯಾಥ್ಯೂ ಕೋಚನ್ ಮತ್ತು ಲಾರಾ ಗ್ರಾಂಟ್ ಎಂಬ ಸಂಶೋಧಕರು ಮನೆಗಳ ಬಿಲ್ ತೆಗೆದು ನೋಡಿದರು. ಬಳಕೆ ಸುಮಾರು ಶೇಕಡಾ 1ರಷ್ಟು ಏರಿತ್ತು. ಲೈಟಿನಲ್ಲಿ ಉಳಿದಿದ್ದು ಎಸಿಯಲ್ಲಿ ಹೋಯಿತು.

ಫೀನಿಕ್ಸ್ ಪುಟ್ಟಿ: ಅಪ್ಪ, ನಮ್ಮ ಅರಿಜೋನಾದಲ್ಲಿ ಗಡಿಯಾರ ಮುಟ್ಟುವುದೇ ಇಲ್ಲ. 1967ರಲ್ಲಿ ಒಂದು ಬೇಸಿಗೆ ಮಾಡಿ ನೋಡಿ, 1968ರಲ್ಲಿ ಬಿಟ್ಟರು. ಈ ಸೆಖೆಯಲ್ಲಿ ಸಂಜೆ ಇನ್ನೂ ಒಂದು ಗಂಟೆ ಬಿಸಿಲು ಯಾರಿಗೆ ಬೇಕು? ಬೇಗ ಮುಳುಗಲಿ ಅಂತ ಕಾಯುತ್ತೇವೆ. ಅದಕ್ಕೇ ಭಾರತಕ್ಕೂ ನಮಗೂ ವರ್ಷವಿಡೀ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಶಿಕಾಗೋ ಮಾವನಿಗಾದರೆ ಚಳಿಗಾಲದಲ್ಲಿ ಹನ್ನೊಂದೂವರೆ, ಬೇಸಿಗೆಯಲ್ಲಿ ಹತ್ತೂವರೆ.

ಇನ್ನೊಂದು ವಿಷಯ. ನಮ್ಮ ರಾಜ್ಯದೊಳಗೇ ನವಾಜೋ ಜನರ ಪ್ರದೇಶ ಇದೆ. ಅವರು ಗಡಿಯಾರ ಬದಲಿಸುತ್ತಾರೆ, ಯಾಕೆಂದರೆ ಅವರ ಪ್ರದೇಶ ಪಕ್ಕದ ರಾಜ್ಯಗಳಿಗೂ ಹರಡಿದೆ. ಅದರ ನಡುವೆ ಹೋಪಿ ಜನರ ಪ್ರದೇಶ. ಅವರು ಬದಲಿಸುವುದಿಲ್ಲ. ಬೇಸಿಗೆಯಲ್ಲಿ ಆ ದಾರಿಯಲ್ಲಿ ಕಾರಿನಲ್ಲಿ ಹೋದರೆ ಹೊತ್ತು ಹಿಂದೆ ಮುಂದೆ ಆಗುತ್ತಲೇ ಇರುತ್ತದೆ.

ದೊಡ್ಡಪ್ಪ: ಇದನ್ನೇ ನಾನು ಹೇಳುವುದು. ಒಂದು ದೇಶದಲ್ಲಿ ಇಷ್ಟು ಗೊಂದಲ ಯಾಕೆ ಬೇಕು? ನಮ್ಮಲ್ಲಿ ಒಂದೇ ಸಮಯ ಬರುವುದಕ್ಕೆ ಎಷ್ಟು ವರ್ಷ ಹಿಡಿಯಿತು ಗೊತ್ತಾ? 1906ರಲ್ಲಿ ಭಾರತೀಯ ಕಾಲಮಾನ ಬಂತು. ಕಲ್ಕತ್ತಾ 1948ರ ತನಕ ತನ್ನ ಸಮಯ ಬಿಡಲಿಲ್ಲ. ಬೊಂಬಾಯಿ 1955ರ ತನಕ 39 ನಿಮಿಷ ಹಿಂದೆಯೇ ಇತ್ತು. ಅಷ್ಟು ಕಷ್ಟಪಟ್ಟು ಒಂದಾಗಿದ್ದೇವೆ. ಮುಂದಿಡುವುದೂ ಬೇಡ, ಎರಡು ಮಾಡುವುದೂ ಬೇಡ. ಪಂಚಾಂಗಕ್ಕೆ ಸೂರ್ಯೋದಯ ಇದೆ, ರೈಲಿಗೆ ಗಡಿಯಾರ ಇದೆ. ಎರಡೂ ಇರಲಿ.

ಗುವಾಹಟಿ ತಮ್ಮ: ದೊಡ್ಡಪ್ಪ, ಒಂದು ಸಲ ಇಲ್ಲಿಗೆ ಬನ್ನಿ. ಜೂನ್‌ನಲ್ಲಿ ನಾಲ್ಕೂವರೆಗೆ ಬಿಸಿಲು ಕಿಟಕಿಯಿಂದ ಮುಖಕ್ಕೆ ಹೊಡೆಯುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿ ಆಯಿತು. ಬ್ಯಾಂಕಿನಿಂದ ಹೊರಗೆ ಬರುವ ಹೊತ್ತಿಗೆ ರಾತ್ರಿ. ಮಕ್ಕಳು ಆಡುವುದು ಯಾವಾಗ? ಚಹಾ ತೋಟದವರು ಬ್ರಿಟಿಷರ ಕಾಲದಿಂದ ಒಂದು ಗಂಟೆ ಮುಂದಿನ ಸಮಯ ಇಟ್ಟುಕೊಂಡಿದ್ದಾರೆ. ಬಾಗಾನ್ ಟೈಮ್ ಅನ್ನುತ್ತಾರೆ. ಅವರಿಗೆ ಒಂದು ಗಂಟೆ ಬೇಕು ಅಂತ ಅನ್ನಿಸಿದ್ದು ಸುಮ್ನೆ ಅಲ್ಲ. ಭಾವ ಹೇಳುವ ಅರ್ಧ ಗಂಟೆಯಿಂದ ನಮಗೆ ಅರ್ಧ ಹೊಟ್ಟೆ ಊಟ.

ಸಾಗರದ ಭಾವ: ಅದಕ್ಕೇ ಮಾರಾಯ ಅರ್ಧ ಗಂಟೆ ಅಂದಿದ್ದು. ನಿಮಗೂ ಸ್ವಲ್ಪ ಅನುಕೂಲ, ಇವರಿಗೂ ಸ್ವಲ್ಪ ತೊಂದರೆ. ನಡುವಿನ ದಾರಿ.

ನಾನು: ಇದೇ ನನಗೆ ಒಪ್ಪಿಗೆಯಿಲ್ಲದ ಮಾತು ಭಾವ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ನಮ್ಮ ಗಡಿಯಾರ ಹೊಂದಿಸಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶಕ್ಕೆ. ಶಿವಮೊಗ್ಗ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ. ಹಾಗಾಗಿ ನಮ್ಮ ನೆತ್ತಿ ಮೇಲೆ ಸೂರ್ಯ ಬರುವುದು ಸರಾಸರಿ 12 ಗಂಟೆ 28 ನಿಮಿಷಕ್ಕೆ. ಫೆಬ್ರವರಿಯಲ್ಲಂತೂ 12:40 ದಾಟುತ್ತದೆ. ಅಡಿಕೆ ಒಣಗಿಸುವ ಚಪ್ಪರದ ಕಂಬದ ನೆರಳು ನೋಡಿ, ನೀವೇ ಅಳೆಯಬಹುದು. ನಾವು ಈಗಾಗಲೇ ಅರ್ಧ ಗಂಟೆ ಮುಂದಿಟ್ಟ ಗಡಿಯಾರದಲ್ಲೇ ಬದುಕುತ್ತಿದ್ದೇವೆ. ಅದರ ಮೇಲೆ ಇನ್ನೊಂದು ಅರ್ಧ ಗಂಟೆ ಹೇರಿದರೆ ಸೂರ್ಯನಿಗೂ ನಮಗೂ ಒಂದು ಗಂಟೆ ಅಂತರ.

ಅತ್ತ ಗುವಾಹಟಿಯಲ್ಲಿ ಸೂರ್ಯ ಹನ್ನೆರಡಕ್ಕೆ 37 ನಿಮಿಷ ಮೊದಲೇ ನೆತ್ತಿಗೆ ಬರುತ್ತಾನೆ. ತಮ್ಮನ ಕಷ್ಟ ನಿಜ, ನನ್ನ ಕಷ್ಟವೂ ನಿಜ. ಆದರೆ ಅವೆರಡೂ ಎದುರು ಬದುರಿನವು. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಅವನಿಗೆ ಸಾಲುವುದಿಲ್ಲ, ನಮಗೆ ತಡೆಯುವುದಿಲ್ಲ.

ಒಂದೇ ಸಮಯ ಇಟ್ಟುಕೊಂಡ ದೊಡ್ಡ ದೇಶ ಅಂದರೆ ಚೀನಾ. 1949ರ ಮೊದಲು ಅಲ್ಲಿ ಐದು ಸಮಯ ವಲಯಗಳಿದ್ದವು. ಆಮೇಲೆ ಇಡೀ ದೇಶಕ್ಕೆ ಬೀಜಿಂಗ್ ಸಮಯ. ಅವರ ಪಶ್ಚಿಮದ ತುದಿಯ ಕಾಶ್ಗರ್ ಊರು ಮ್ಯಾಪಿನಲ್ಲಿ ನಮ್ಮ ಶಿವಮೊಗ್ಗದಿಂದ ನೇರ ಉತ್ತರಕ್ಕಿದೆ, ಹೆಚ್ಚುಕಡಿಮೆ ಅದೇ ರೇಖಾಂಶ. ನಮಗೂ ಅವರಿಗೂ ಸೂರ್ಯ ನೆತ್ತಿಗೆ ಬರುವುದು ಒಟ್ಟಿಗೇ. ಅವರ ಗಡಿಯಾರ ಆಗ ಮಧ್ಯಾಹ್ನ ಮೂರು ತೋರಿಸುತ್ತದೆ! ಅದಕ್ಕೇ ಅಲ್ಲಿನ ಎಷ್ಟೋ ಜನ ಎರಡು ಗಂಟೆ ಹಿಂದಿನ ತಮ್ಮದೇ ಸಮಯ ಬಳಸುತ್ತಾರೆ. ಕಾನೂನು ಒಂದು ಹೊತ್ತು ಹೇಳಿದರೂ ಊಟ ನಿದ್ದೆ ಬಿಸಿಲಿನ ಹಿಂದೆಯೇ ಹೋಗುತ್ತವೆ.

ಮಕ್ಕಳ ನಿದ್ದೆಯ ಮೇಲೂ ಅಧ್ಯಯನ ನಡೆದಿದೆ. ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಮಕ್ಕಳನ್ನೇ ಇಟ್ಟುಕೊಂಡು ನೋಡಿದ್ದಾರೆ. ಸಂಜೆ ತಡವಾಗಿ ಕತ್ತಲಾಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ. ಶಾಲೆ ಮಾತ್ರ ಎಲ್ಲ ಕಡೆ ಒಂದೇ ಹೊತ್ತಿಗೆ ಶುರು. ನಿದ್ದೆ ಕಡಿಮೆಯಾಗುತ್ತದೆ, ಓದೂ ಹಿಂದೆ ಬೀಳುತ್ತದೆ. ತಡವಾಗಿ ಕತ್ತಲಾಗುವ ಆ ಪಶ್ಚಿಮದ ಕಡೆಯಲ್ಲಿ ನಮ್ಮ ಮಲೆನಾಡೂ ಇದೆ.

ಶಿಕಾಗೋ ಅಣ್ಣ: ಇದಕ್ಕೆ ಒಂದು ಸೇರಿಸುತ್ತೇನೆ. 1974ರಲ್ಲಿ ಪೆಟ್ರೋಲ್ ಅಭಾವ ಬಂದಾಗ ಇಲ್ಲಿ ಚಳಿಗಾಲದಲ್ಲೂ ಬೇಸಿಗೆ ಸಮಯ ಇಟ್ಟರು. ಜನವರಿ 6ಕ್ಕೆ ಗಡಿಯಾರ ಮುಂದೆ ಹೋಯಿತು. ಶಾಲೆ ಮಕ್ಕಳು ಕತ್ತಲಲ್ಲಿ ಬಸ್ಸಿಗೆ ಕಾಯಬೇಕಾಯಿತು. ಅಪ್ಪ ಅಮ್ಮಂದಿರು ರೊಚ್ಚಿಗೆದ್ದರು. ಎರಡನೇ ಚಳಿಗಾಲ ಬರುವ ಮೊದಲೇ, ಅಕ್ಟೋಬರ್‌ನಲ್ಲಿ, ಕಾನೂನು ತಿದ್ದಿದರು. ನೀನು ಹೇಳುವ ಟಾರ್ಚ್ ಕಥೆ ಇಲ್ಲಿ ದೇಶದ ಕಾನೂನನ್ನೇ ಬದಲಿಸಿದೆ.

ಅಕ್ಕ: ನನ್ನ ಸಹಿ ವಾಪಸ್ ತೆಗೆಯುವುದು ಹೇಗೆ? ಯಾರಾದರೂ ಹೇಳಿ.

ದೊಡ್ಡಪ್ಪ: ಅಂದರೆ ಎರಡು ವಲಯ ಬೇಕು ಅನ್ನುತ್ತೀಯಾ ಮಗಳೇ? ರೈಲಿನ ಗತಿ? ಒಂದೇ ಹಳಿ ಇರುವ ಕಡೆ ಎರಡು ಗಡಿಯಾರ ಅಂದರೆ ಅಪಘಾತಕ್ಕೆ ದಾರಿ.

ನಾನು: ದೊಡ್ಡಪ್ಪ, ಆ ಭಯ ಸಣ್ಣದಲ್ಲ. ಆದರೆ ಅಮೆರಿಕಾದಲ್ಲಿ ವಲಯಗಳನ್ನು ಮಾಡಿದವರೇ ರೈಲಿನವರು. ಮೊದಲು ಒಂದೊಂದು ಊರಿಗೆ ಒಂದೊಂದು ಸಮಯ, ಒಂದೊಂದು ಕಂಪನಿಗೆ ಇನ್ನೊಂದು. 1883ರ ನವೆಂಬರ್ 18ರಂದು ರೈಲು ಕಂಪನಿಗಳೇ ಕೂತು ವಲಯ ಮಾಡಿಕೊಂಡು ಗಡಿಯಾರ ಸರಿಮಾಡಿದವು. ಕಾನೂನು ಬಂದಿದ್ದು ಆಮೇಲೆ, 1918ರಲ್ಲಿ. ರಷ್ಯಾದಲ್ಲಿ 11 ವಲಯ. ಅಲ್ಲಿ 2018ರ ತನಕ ದೇಶದ ಎಲ್ಲ ರೈಲು ಟಿಕೆಟ್‌ನಲ್ಲೂ ಮಾಸ್ಕೋ ಸಮಯವನ್ನೇ ಹಾಕುತ್ತಿದ್ದರು. ರೈಲಿಗೆ ಒಂದು ಹೊತ್ತು, ಊರಿಗೆ ಒಂದು ಹೊತ್ತು. ನೀವು ಪಂಚಾಂಗದ ಬಗ್ಗೆ ಹೇಳಿದ ಹಾಗೆಯೇ.

ನಮ್ಮಲ್ಲೂ ದಾರಿ ಯೋಚಿಸಿದವರಿದ್ದಾರೆ. ದೇಶದ ಅಧಿಕೃತ ಸಮಯ ನೋಡಿಕೊಳ್ಳುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೇ 2018ರಲ್ಲಿ ಎರಡು ವಲಯದ ಲೆಕ್ಕ ಮುಂದಿಟ್ಟರು. ಗೆರೆ ಹಾಕಿದ್ದು ಬಂಗಾಳ ಮತ್ತು ಅಸ್ಸಾಂ ಸೇರುವ ಆ ಸಪೂರ ಜಾಗದಲ್ಲಿ. ಅಲ್ಲಿ ಹಾಯುವ ಹಳಿಗಳೇ ಕಡಿಮೆ. ಆ ಗೆರೆಯ ಆಚೆಗೆ ಒಂದು ಗಂಟೆ ಮುಂದೆ, ಈಚೆಗೆ ಈಗಿನ ಹಾಗೆಯೇ. ತಮ್ಮನಿಗೆ ಪೂರ್ತಿ ಒಂದು ಗಂಟೆ ಸಿಗುತ್ತದೆ, ನಮ್ಮ ಬೆಳಗ್ಗೆ ಯಾರೂ ಕೈ ಹಾಕುವುದಿಲ್ಲ.

ದೊಡ್ಡಪ್ಪ: ಒಂದು ದೇಶ ಒಂದು ಹೊತ್ತು ಅನ್ನುವುದೇ ನನಗೆ ಸರಿ ಕಾಣುತ್ತದೆ. ಆದರೆ ಈ ಅರ್ಜಿಗೆ ನಾನೂ ಸಹಿ ಹಾಕುವುದಿಲ್ಲ.

ಗುವಾಹಟಿ ತಮ್ಮ: ಅಕ್ಕ, ಇಲ್ಲಿನ ಹೈಕೋರ್ಟಿಗೂ ಬೇರೆ ವಲಯ ಬೇಕು ಅಂತ ಹೋಗಿದ್ದರು. 2017ರಲ್ಲಿ ವಜಾ ಆಯಿತು. ಪಶ್ಚಿಮದ ತುದಿಯಲ್ಲಿ ಕೂತವರು ಇಷ್ಟು ಬಿಡಿಸಿ ನಮ್ಮ ಪರ ಮಾತಾಡಿದ್ದನ್ನು ನಾನು ಇದೇ ಮೊದಲು ನೋಡುತ್ತಿರುವುದು.

ಸಾಗರದ ಭಾವ: ನನ್ನ ಸಹಿ ನಾನು ತೆಗೆಯುವುದಿಲ್ಲ. ಕರೆಂಟಿನ ಲೆಕ್ಕ ಎಲ್‌ಇಡಿ ಬಂದ ಮೇಲೆ ಎಷ್ಟಾಯಿತು ಅಂತ ಯಾರಾದರೂ ಹೊಸದಾಗಿ ಅಳೆಯಲಿ, ಆಮೇಲೆ ನೋಡೋಣ. ಆದರೆ ಒಂದು ಕೇಳುತ್ತೇನೆ. ಗಡಿಯಾರ ಹೀಗೇ ಇದ್ದರೂ ನಿನ್ನ ಮಗ ಜನವರಿಯಲ್ಲಿ ಟಾರ್ಚ್ ಹಿಡಿದೇ ಹೋಗಬೇಕಲ್ಲ. ಅದಕ್ಕೇನು ಮಾಡುತ್ತೀಯಾ?

ನಾನು: ಅದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ ಭಾವ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಶಾಲೆ ಅರ್ಧ ಗಂಟೆ ತಡವಾಗಿ ಶುರುವಾದರೆ ಸಾಕು. ಬಸ್ಸು ಏಳೂವರೆಗೆ ಬರುತ್ತದೆ, ಮಕ್ಕಳು ಬೆಳಕಿನಲ್ಲಿ ಸಂಕ ದಾಟುತ್ತಾರೆ. 1974ರಲ್ಲಿ ಅಮೆರಿಕಾದ ಎಷ್ಟೋ ಶಾಲೆಗಳೂ ಇದನ್ನೇ ಮಾಡಿದವು. ಈ ರೂಟಿನ ಎಲ್ಲ ಮನೆಯವರೂ ಸೇರಿ ಶಾಲೆಗೆ ಪತ್ರ ಕೊಡೋಣ ಅಂತಿದ್ದೇನೆ. ನಿಮ್ಮ ಮೊಮ್ಮಗನೂ ಅದೇ ಬಸ್ಸಿಗೆ ಬರುವುದಲ್ವಾ?

ಸಾಗರದ ಭಾವ: ಆ ಪತ್ರ ಕಳಿಸು. ಅದಕ್ಕೆ ಸಹಿ ಹಾಕುತ್ತೇನೆ. ನಮ್ಮ ಕೇರಿಯ ನಾಲ್ಕು ಮನೆಯವರ ಹತ್ತಿರವೂ ಹಾಕಿಸುತ್ತೇನೆ.

ನಾನು: ರಾತ್ರಿ ಬರೆದು ಇಲ್ಲೇ ಹಾಕುತ್ತೇನೆ. ಸೋಮವಾರದೊಳಗೆ ಎಲ್ಲರ ಸಹಿ ಬೇಕು.