ಸಕ್ಕರೆ ಅಚ್ಚು ಮರಕ್ಕೇ ಕಚ್ಚಿಕೊಳ್ಳುತ್ತೆ, ಎಳ್ಳು ಪಸೆ ಒಡೆಯುತ್ತೆ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ
ಸಂಕ್ರಾಂತಿಗೆ ಒಂದು ಕೆಜಿ ಸಕ್ಕರೆಯಲ್ಲಿ ಅಚ್ಚು ಹಾಕಬೇಕು. ಮರದ ಅಚ್ಚುಗಳಿವೆ. ಆದರೆ ಬಿಳಿಯಾಗದೆ ಗಾಜಿನಂತಾಗಿ ಅಂಟಿಕೊಳ್ಳುತ್ತದೆ. ಎಳ್ಳು-ಬೆಲ್ಲವೂ ಎರಡೇ ದಿನಕ್ಕೆ ಪಸೆ. ಜೊತೆಗೆ, ಮಗುವಿಗೆ ಎಳಚಿಹಣ್ಣು (ಬೋರೆಹಣ್ಣು) ಎರೆಯುವ ಕ್ರಮ ತಿಳಿಸಿ.

ಉತ್ತರ 1
ಪಾಕ ತಿಕ್ಕದೆ ಸುರಿದರೆ ಗಾಜಾಗುತ್ತೆ. ಅಂಟುವುದಕ್ಕೆ ಕಾರಣ ಒಣ ಮರ. ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಿ, ಬೆಳಗ್ಗೆ ಒರೆಸಿ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಸಕ್ಕರೆ ಮುಳುಗುವಷ್ಟು ನೀರು ಹಾಕಿ, ಕುದಿ ಬಂದಾಗ ಕಾಲು ಲೋಟ ಹಾಲು ಬಿಡಿ. ಕೊಳೆ ನೊರೆಯಾಗಿ ಮೇಲೆ ಬರುತ್ತೆ, ತೆಳು ಬಟ್ಟೆಯಲ್ಲಿ ಸೋಸಿ.

ಮುಂದಿನದೇ ಮುಖ್ಯ: ಇಡೀ ಪಾಕವನ್ನು ಒಮ್ಮೆಗೇ ಕಾಯಿಸಬೇಡಿ. ಸಣ್ಣ ಪಾತ್ರೆಗೆ ಒಂದೆರಡು ಸೌಟು ಹಾಕಿ, ನೊರೆಯುಕ್ಕಿ ಮಂದವಾಗುತ್ತಿದ್ದಂತೆ ಸೌಟಿನ ಬೆನ್ನಿನಿಂದ ಪಾತ್ರೆಯ ಪಕ್ಕಕ್ಕೆ ತಿಕ್ಕುತ್ತಾ ಬನ್ನಿ. ತಿಕ್ಕಿದಲ್ಲಿ ಸಣ್ಣ ಹರಳು ಕಟ್ಟಿ ಬೆಳ್ಳಗಾಗುತ್ತೆ, ಅದನ್ನೇ ಪಾಕಕ್ಕೆ ಬೆರೆಸಿ ತಕ್ಷಣ ಸುರಿಯಿರಿ. ತಡಮಾಡಿದರೆ ಸೌಟಲ್ಲೇ ಕಲ್ಲು. ಹತ್ತು ನಿಮಿಷಕ್ಕೆ ಬಿಚ್ಚಬಹುದು. ಬಿಳುಪಿಗೆಂದು ನಿಂಬೆರಸ ಸುರಿಯಬೇಡಿ, ಹೆಚ್ಚಾದರೆ ಹರಳೇ ಕಟ್ಟುವುದಿಲ್ಲ. ಉರಿ ಜೋರಾದರೆ ಕೆಂಪಗಾಗುತ್ತೆ. ಒಡೆದ ಅಚ್ಚುಗಳನ್ನು ಮತ್ತೆ ನೀರು ಹಾಕಿ ಕಾಯಿಸಿ, ದಂಡವಾಗಲ್ಲ.

ಉತ್ತರ 2
ಎಳ್ಳಿಗೆ: ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ತಲಾ ಒಂದು ಲೋಟ, ಬಿಳಿ ಎಳ್ಳು ಅರ್ಧ ಲೋಟ. ಗಟ್ಟಿ ಅಚ್ಚುಬೆಲ್ಲವನ್ನೇ ತನ್ನಿ, ಮೆತ್ತನೆಯದು ಬೇಡ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಬೆಲ್ಲ, ಕೊಬ್ಬರಿ ಎರಡನ್ನೂ ಸಣ್ಣಗೆ ಹೆಚ್ಚಿ ಬೇರೆ ಬೇರೆ ತಟ್ಟೆಯಲ್ಲಿ ಎರಡು ಮೂರು ಬಿಸಿಲು ಒಣಗಿಸಿ. ಪಸೆಗೆ ಸಾಮಾನ್ಯ ಕಾರಣ, ಹುರಿದ ಬೀಜ ಆರುವ ಮೊದಲೇ ಬೆಲ್ಲಕ್ಕೆ ಬೆರೆಸುವುದು. ಎಳ್ಳನ್ನು ಚಟಪಟ ಎನ್ನುವವರೆಗೆ ಮಾತ್ರ ಹುರಿಯಿರಿ, ಹೆಚ್ಚಾದರೆ ಕಹಿ. ಅದು ಡಬ್ಬದ ತಳಕ್ಕಿಳಿಯುವುದರಿಂದ ಬೀರಲು ಹೊರಡುವಾಗ ಇನ್ನೊಮ್ಮೆ ಕಲಸಿ.

ಉತ್ತರ 3
ಎರೆಯುವುದು ಸಂಜೆ. ಮಗುವನ್ನು ಮಣೆಯ ಮೇಲೆ, ತೀರಾ ಚಿಕ್ಕದಾದರೆ ಯಾರದಾದರೂ ತೊಡೆಯ ಮೇಲೆ ಕೂರಿಸಿ. ಎಳಚಿಹಣ್ಣು, ಸಿಪ್ಪೆ ಕೆತ್ತಿದ ಕಬ್ಬಿನ ಚೂರು, ಎಳ್ಳು, ಚಿಲ್ಲರೆ ಕಾಸು ಬೆರೆಸಿ ಮುತ್ತೈದೆಯರು ತಲೆಯ ಮೇಲಿಂದ ಮೆಲ್ಲಗೆ ಸುರಿದು ಆರತಿ ಎತ್ತುತ್ತಾರೆ. ದೃಷ್ಟಿ ತೆಗೆಯುವುದೇ ಉದ್ದೇಶ. ಕೆಳಗೆ ಬಿದ್ದದ್ದನ್ನು ಉಳಿದ ಮಕ್ಕಳು ಆರಿಸಿಕೊಳ್ಳಲಿ, ಕೂಸಿನ ಕೈಗೆ ಕಾಸು, ಎಳಚಿ ಬೀಜ ಸಿಗದಂತೆ ನೋಡಿ. ಬಾಯಿಗೇ ಹೋಗುವುದು.

ದಿನ ನಿಮ್ಮ ಮನೆಯ ಪಂಚಾಂಗ ನೋಡಿಯೇ ಗೊತ್ತುಮಾಡಿ. ಸೂರ್ಯ ರಾತ್ರಿ ಹೊತ್ತು ಮಕರಕ್ಕೆ ಬಂದರೆ ಹಬ್ಬ ಮಾರನೆ ದಿನಕ್ಕೆ, ಅಂದರೆ ಜನವರಿ 15ಕ್ಕೆ ಹೋಗುತ್ತದೆ.