ಹಾಡ್ಜ್‌ಕಿನ್ ಲಿಂಫೋಮಾ: ಎರಡನೇ ಸೈಕಲ್‌ನ ನಂತರದ ಪೆಟ್ ಸ್ಕ್ಯಾನ್ ಮತ್ತು ಮುಂದಿನ ಚಿಕಿತ್ಸೆ (ಪ್ರಶ್ನೋತ್ತರ)

ನಿರ್ವಾಹಕರು: ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರ್) ಕುರಿತು ಸದಸ್ಯರು ಕೇಳಿದ ಪ್ರಶ್ನೆಗಳಿಗೆ ರಕ್ತದ ಕ್ಯಾನ್ಸರ್‌ಗಳಿಗೆ ಚಿಕಿತ್ಸೆ ನೀಡುವ ವೈದ್ಯರೊಬ್ಬರು ಇಲ್ಲಿ ಉತ್ತರಿಸುತ್ತಿದ್ದಾರೆ. ರೋಗಿಯ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ದಯವಿಟ್ಟು ಬರೆಯಬೇಡಿ.

ಪ್ರಶ್ನೆ (ಒಬ್ಬ ತಂದೆ, ಶಿವಮೊಗ್ಗ): ನನ್ನ ಮಗನಿಗೆ 22 ವರ್ಷ. ಮೂರನೇ ಹಂತದ ಹಾಡ್ಜ್‌ಕಿನ್ ಲಿಂಫೋಮಾ. ಬ್ಲಿಯೋಮೈಸಿನ್ ಸೇರಿ ನಾಲ್ಕು ಔಷಧಿಗಳ ಎ.ಬಿ.ವಿ.ಡಿ. ಕೀಮೋ ಎರಡು ಸೈಕಲ್ (ಎರಡು ಸುತ್ತು) ಮುಗಿದ ಮೇಲೆ ಪೆಟ್ ಸ್ಕ್ಯಾನ್ ಮಾಡಿಸಿದೆವು. ವರದಿಯಲ್ಲಿ ‘ಡೋವಿಲ್ ಅಂಕ 3’ ಎಂದು ಬರೆದಿದ್ದಾರೆ. ಇನ್ನು ಮುಂದೆ ಬ್ಲಿಯೋಮೈಸಿನ್ ಬಿಟ್ಟು ಉಳಿದ ಮೂರು ಔಷಧಿಗಳನ್ನು ಮಾತ್ರ ಕೊಡುವುದಾಗಿ ಡಾಕ್ಟರು ಹೇಳಿದ್ದಾರೆ. ರೋಗ ಪೂರ್ತಿ ಹೋಗಿಲ್ಲ ಎಂದ ಮೇಲೆ ಔಷಧಿಯನ್ನು ಕಡಿಮೆ ಮಾಡುವುದು ಸರಿಯೇ?

ಉತ್ತರ: ಅಂಕ 3 ಎಂದರೆ ರೋಗ ಉಳಿದಿದೆ ಎಂದಲ್ಲ. ಈ ಅಂಕಪಟ್ಟಿ 2009ರಲ್ಲಿ ಫ್ರಾನ್ಸಿನ ಡೋವಿಲ್ ಪಟ್ಟಣದಲ್ಲಿ ಸೇರಿದ ತಜ್ಞರು ರೂಪಿಸಿದ್ದು. ಸ್ಕ್ಯಾನಿಗೆ ಮುನ್ನ ಕೊಡುವ ವಿಕಿರಣಶೀಲ ಸಕ್ಕರೆಯನ್ನು ಗಡ್ಡೆ ಎಷ್ಟು ಹೀರಿಕೊಂಡಿದೆ ಎಂಬುದನ್ನು ರೋಗಿಯ ದೇಹದ್ದೇ ಎರಡು ಜಾಗಗಳಿಗೆ ಹೋಲಿಸುತ್ತಾರೆ: ಎದೆಯ ನಡುವಿನ ದೊಡ್ಡ ರಕ್ತನಾಳದಲ್ಲಿರುವ ರಕ್ತ ಮತ್ತು ಲಿವರ್. ಏನೂ ಹೀರದಿದ್ದರೆ 1. ರಕ್ತದಷ್ಟೇ ಅಥವಾ ಅದಕ್ಕಿಂತ ಕಡಿಮೆ ಹೀರಿದ್ದರೆ 2. ರಕ್ತಕ್ಕಿಂತ ಹೆಚ್ಚಾದರೂ ಲಿವರನ್ನು ಮೀರದಿದ್ದರೆ 3. ಲಿವರನ್ನು ಸ್ವಲ್ಪ ಮೀರಿದರೆ 4. ಬಹಳ ಮೀರಿದರೆ ಅಥವಾ ಹೊಸ ಗಡ್ಡೆ ಕಾಣಿಸಿಕೊಂಡರೆ 5. ಮುಂದುವರಿದ ಹಂತದ ರೋಗದಲ್ಲಿ 1ರಿಂದ 3ರವರೆಗಿನ ಅಂಕವನ್ನು ಸಾಮಾನ್ಯವಾಗಿ ನೆಗೆಟಿವ್, ಅಂದರೆ ಸಕ್ರಿಯ ರೋಗ ಕಾಣುತ್ತಿಲ್ಲ ಎಂದೇ ಪರಿಗಣಿಸುತ್ತೇವೆ.

ನಿಮ್ಮ ವೈದ್ಯರ ಸಲಹೆಯ ಹಿಂದೆ 2016ರಲ್ಲಿ ಪ್ರಕಟವಾದ ‘ರ‍್ಯಾಥಲ್’ ಎಂಬ ಪ್ರಯೋಗವಿದೆ. ಬ್ರಿಟನ್ನಿನ ನೇತೃತ್ವದಲ್ಲಿ, ಇಟಲಿ, ಆಸ್ಟ್ರೇಲಿಯಾ ಮತ್ತು ನಾರ್ಡಿಕ್ ದೇಶಗಳ ಆಸ್ಪತ್ರೆಗಳೂ ಸೇರಿ ನಡೆಸಿದ ಆ ಅಧ್ಯಯನದಲ್ಲಿ ಸುಮಾರು 1200 ರೋಗಿಗಳಿದ್ದರು. ಎರಡು ಸೈಕಲ್‌ನ ನಂತರ ಪೆಟ್ ನೆಗೆಟಿವ್ ಬಂದ 935 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾಲ್ಕೂ ಔಷಧಿಗಳನ್ನು ಮುಂದುವರಿಸಿದರು, ಇನ್ನೊಂದು ಗುಂಪಿಗೆ ಬ್ಲಿಯೋಮೈಸಿನ್ ನಿಲ್ಲಿಸಿದರು. ಮೂರು ವರ್ಷಗಳ ನಂತರ ರೋಗ ಮರಳದೆ, ಉಲ್ಬಣಿಸದೆ ಇದ್ದವರು ಮೊದಲ ಗುಂಪಿನಲ್ಲಿ ಶೇ. 85.7, ಎರಡನೆಯದರಲ್ಲಿ ಶೇ. 84.4. ಬದುಕಿದ್ದವರ ಪ್ರಮಾಣ ಎರಡರಲ್ಲೂ ಶೇ. 97ರ ಆಸುಪಾಸು. ಬ್ಲಿಯೋಮೈಸಿನ್ ಇಲ್ಲದವರಲ್ಲಿ ಶ್ವಾಸಕೋಶದ ತೊಂದರೆ ಕಡಿಮೆ ಇತ್ತು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ನೋಡಿದರೆ, ಎರಡೂ ಸಮ ಎಂದು ಸಾರಲು ಮೊದಲೇ ಹಾಕಿಕೊಂಡಿದ್ದ ಗೆರೆಯನ್ನು ಈ ಫಲಿತಾಂಶ ಕೂದಲೆಳೆಯಷ್ಟು ದಾಟಿತು, ಅಂದರೆ ಸಮ ಎಂದು ಪೂರ್ತಿ ಸಾಬೀತಾಗಲಿಲ್ಲ, ಹಾಗೆಂದು ಸಂಶೋಧಕರೇ ಬರೆದುಕೊಂಡಿದ್ದಾರೆ. ಆದರೂ ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಮಾಡಬಲ್ಲ ಹಾನಿಯನ್ನು ಕಣ್ಣಾರೆ ಕಂಡಿರುವ ನನ್ನಂಥವರು ಆ ಕೂದಲೆಳೆಯನ್ನು ಒಪ್ಪಿಕೊಂಡಿದ್ದೇವೆ. ನಿಮ್ಮ ಮಗನಿಗೆ ಹೇಳಿರುವುದು ಖರ್ಚು ಉಳಿಸುವ ಚಿಕಿತ್ಸೆಯಲ್ಲ, ಪರೀಕ್ಷೆಗೆ ಒಳಪಟ್ಟ ಚಿಕಿತ್ಸೆ.

ಅದೇ ಸದಸ್ಯರು: ಧನ್ಯವಾದ ಡಾಕ್ಟರೇ. ಆದರೆ ಎದೆಯಲ್ಲಿ ಇನ್ನೂ 3 ಸೆಂಟಿಮೀಟರ್ ಗಡ್ಡೆ ಇದೆ ಎಂದು ಅದೇ ವರದಿ ಹೇಳುತ್ತದೆ. ಗಡ್ಡೆ ಕಣ್ಣಿಗೆ ಕಾಣುತ್ತಿರುವಾಗ ನೆಗೆಟಿವ್ ಹೇಗಾಯಿತು?

ಉತ್ತರ: ಈ ರೋಗದ ಸ್ವಭಾವವೇ ಹಾಗೆ. ಹಾಡ್ಜ್‌ಕಿನ್ ಗಡ್ಡೆಯಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು, ಅಂದರೆ ರೀಡ್-ಸ್ಟರ್ನ್‌ಬರ್ಗ್ ಕೋಶಗಳು, ಬಹಳ ಕಡಿಮೆ; ಜಾತ್ರೆಯೊಳಗೆ ನುಗ್ಗಿದ ನಾಲ್ಕು ಕಳ್ಳರಂತೆ. ಉಳಿದದ್ದೆಲ್ಲ ಆ ಕೋಶಗಳು ತಮ್ಮ ಸುತ್ತ ಕೂಡಿಸಿಕೊಂಡ ಉರಿಯೂತದ ಕೋಶಗಳು ಮತ್ತು ನಾರು. ಕೀಮೋದಿಂದ ಕ್ಯಾನ್ಸರ್ ಕೋಶಗಳು ಸತ್ತರೆ ಉರಿಯೂತ ಬೇಗನೆ ತಣಿಯುತ್ತದೆ, ಆದರೆ ನಾರು ಹಾಗೆಯೇ ಉಳಿಯುತ್ತದೆ. ಪೆಟ್ ಜೊತೆಗೇ ತೆಗೆಯುವ ಸಿ.ಟಿ. ಸ್ಕ್ಯಾನ್ ಆ ನಾರಿನ ಅಳತೆಯನ್ನು ಕೊಡುತ್ತದೆ. ಅದು ಜೀವಂತವೋ ನಿರ್ಜೀವವೋ ಎಂಬುದು ಅದಕ್ಕೆ ತಿಳಿಯದು.

ನಾನು ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರ ಪಕ್ಕದಲ್ಲಿ ಕುಳಿತು ಇಂಥ ಚಿತ್ರಗಳನ್ನು ನೋಡುವಾಗ, ಅವರು ಮೊದಲು ಎದೆಯ ಗಡ್ಡೆಯ ಕಡೆಗೆ ಹೋಗುವುದೇ ಇಲ್ಲ. ಲಿವರಿನ ಬಲಭಾಗದಲ್ಲಿ ಒಂದು ವೃತ್ತ ಎಳೆದು ಅದರ ಅಂಕಿಯನ್ನು ಗುರುತಿಸಿಕೊಳ್ಳುತ್ತಾರೆ, ಬಳಿಕ ಮಹಾಪಧಮನಿಯ ಕಮಾನಿನಲ್ಲಿ ಇನ್ನೊಂದು ವೃತ್ತ. ಆಮೇಲೆಯೇ ಹಳೆಯ ಮತ್ತು ಹೊಸ ಸ್ಕ್ಯಾನುಗಳನ್ನು ಅಕ್ಕಪಕ್ಕ ಇಟ್ಟು, ಮೊದಲು ಕಪ್ಪಗೆ (ಅಂದರೆ ಹೆಚ್ಚು ಸಕ್ಕರೆ ಹೀರಿ) ಕಾಣುತ್ತಿದ್ದ ಪ್ರತಿಯೊಂದು ಗ್ರಂಥಿಯನ್ನೂ ಹುಡುಕಿಕೊಂಡು ಬರುತ್ತಾರೆ. ಎದೆಯ ನಡುವೆ ಬೂದು ಬಣ್ಣದ ಗಂಟೊಂದು ಗಾತ್ರದಲ್ಲಿ ಉಳಿದುಕೊಂಡಿದ್ದರೂ ಅದರ ಅಂಕಿ ಲಿವರಿಗಿಂತ ಕೆಳಗಿದ್ದರೆ, ಅದು ಬಹುಮಟ್ಟಿಗೆ ಗಾಯದ ಕಲೆ. ಲಿಂಫೋಮಾ ಚಿಕಿತ್ಸೆಯ ಫಲವನ್ನು ಅಳೆಯುವ 2014ರ ಲುಗಾನೊ ವರ್ಗೀಕರಣವೂ ಇದನ್ನು ಪೂರ್ಣ ಪ್ರತಿಕ್ರಿಯೆ ಎಂದೇ ಕರೆಯುತ್ತದೆ.

ಇನ್ನೊಂದು ಮಾತು. ಈ ನಡುವಣ ಸ್ಕ್ಯಾನಿಗೆ ಇಷ್ಟು ಮಹತ್ವ ತಂದುಕೊಟ್ಟದ್ದು 2007ರಲ್ಲಿ ಇಟಲಿಯ ಗಲ್ಲಮಿನಿ ಮತ್ತು ಡೆನ್ಮಾರ್ಕಿನ ಹಚಿಂಗ್ಸ್ ಪ್ರಕಟಿಸಿದ 260 ರೋಗಿಗಳ ಅಧ್ಯಯನ. ಎರಡು ಸೈಕಲ್‌ನ ನಂತರ ನೆಗೆಟಿವ್ ಇದ್ದವರಲ್ಲಿ ಎರಡು ವರ್ಷ ರೋಗವಿಲ್ಲದೆ ಇದ್ದವರು ಶೇ. 95, ಪಾಸಿಟಿವ್ ಇದ್ದವರಲ್ಲಿ ಶೇ. 12.8 ಮಾತ್ರ. ಆದರೆ ರ‍್ಯಾಥಲ್‌ನಲ್ಲಿ ನೆಗೆಟಿವ್ ಬಂದವರಲ್ಲೂ ಮೂರು ವರ್ಷದೊಳಗೆ ನೂರಕ್ಕೆ ಸುಮಾರು 15 ಮಂದಿಗೆ ರೋಗ ಮರಳಿತು ಅಥವಾ ಬೆಳೆಯಿತು. ಆದ್ದರಿಂದ ನೆಗೆಟಿವ್ ಬಂದ ಸಂತೋಷದಲ್ಲಿ ಉಳಿದ ನಾಲ್ಕು ಸೈಕಲ್‌ಗಳ ದಿನಾಂಕವನ್ನು ಹಿಂದೆ ಮುಂದೆ ಮಾಡಬೇಡಿ.

ಪ್ರಶ್ನೆ (ಒಬ್ಬ ಸದಸ್ಯೆ, ಹುಬ್ಬಳ್ಳಿ): ನನ್ನ ತಂಗಿಗೆ 27 ವರ್ಷ, ಕುತ್ತಿಗೆ ಮತ್ತು ಎದೆಯ ಮೇಲ್ಭಾಗದಲ್ಲಿ ಎರಡನೇ ಹಂತದ ರೋಗ. ಕೀಮೋ ನಂತರ ಪೆಟ್ ನೆಗೆಟಿವ್ ಬಂದಿದೆ. ಒಬ್ಬ ವೈದ್ಯರು ರೇಡಿಯೇಷನ್ ಬೇಕೇಬೇಕು ಎನ್ನುತ್ತಾರೆ, ಇನ್ನೊಬ್ಬರು ಬೇಡ ಎನ್ನುತ್ತಾರೆ. ಯಾರ ಮಾತನ್ನು ನಂಬುವುದು?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ಪ್ರಶ್ನೆಗೆ ಸಂಶೋಧನೆ ಕೊಟ್ಟಿರುವ ಉತ್ತರವೇ ಎರಡು ದಿಕ್ಕಿನದು.

ಬ್ರಿಟನ್ನಿನ ‘ರ‍್ಯಾಪಿಡ್’ ಪ್ರಯೋಗದಲ್ಲಿ (2015) ಮೂರು ಸೈಕಲ್ ಎ.ಬಿ.ವಿ.ಡಿ. ನಂತರ ಪೆಟ್ ನೆಗೆಟಿವ್ ಬಂದ 420 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ರೇಡಿಯೇಷನ್ ಕೊಟ್ಟರು, ಉಳಿದವರಿಗೆ ಏನನ್ನೂ ಕೊಡಲಿಲ್ಲ. ಮೂರು ವರ್ಷಗಳಲ್ಲಿ ರೋಗವಿಲ್ಲದೆ ಉಳಿದವರು ಕ್ರಮವಾಗಿ ಶೇ. 94.6 ಮತ್ತು ಶೇ. 90.8. ಜರ್ಮನಿಯ ಹಾಡ್ಜ್‌ಕಿನ್ ಅಧ್ಯಯನ ಗುಂಪಿನ ‘ಎಚ್‌ಡಿ16’ರಲ್ಲಿ ಅಂತರ ಇನ್ನೂ ಹೆಚ್ಚು: ಎರಡು ಸೈಕಲ್ ಮತ್ತು ರೇಡಿಯೇಷನ್ ಪಡೆದವರಲ್ಲಿ ಐದು ವರ್ಷಕ್ಕೆ ಶೇ. 93.4, ಎರಡು ಸೈಕಲ್ ಮಾತ್ರ ಪಡೆದವರಲ್ಲಿ ಶೇ. 86.1. ಹಾಗಾದರೆ ರೇಡಿಯೇಷನ್ ಕೊಟ್ಟೇ ಬಿಡಬೇಕು ಎನ್ನಿಸುತ್ತದೆ. ಆದರೆ ರೋಗ ಮರಳಿದವರನ್ನು ಎರಡನೇ ಸುತ್ತಿನ ಚಿಕಿತ್ಸೆಯಿಂದ ಉಳಿಸಿಕೊಳ್ಳಲು ಸಾಧ್ಯವಾದದ್ದರಿಂದ ಬದುಕುಳಿದವರ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇನ್ನು, ಸ್ವಲ್ಪ ಹೆಚ್ಚು ಅಪಾಯದ ಲಕ್ಷಣಗಳಿರುವವರ ಮೇಲೆ ನಡೆದ ‘ಎಚ್‌ಡಿ17’ರಲ್ಲಿ ಹೆಚ್ಚು ಬಲವಾದ ಕೀಮೋ ಕೊಟ್ಟಾಗ, ಎಲ್ಲರಿಗೂ ರೇಡಿಯೇಷನ್ ಕೊಟ್ಟ ಗುಂಪಿನಲ್ಲಿ ಫಲಿತಾಂಶ ಶೇ. 97.3, ಪೆಟ್ ನೆಗೆಟಿವ್ ಬಂದವರಿಗೆ ಅದನ್ನು ಕೈಬಿಟ್ಟ ಗುಂಪಿನಲ್ಲಿ ಶೇ. 95.1, ಅಂದರೆ ಹೆಚ್ಚುಕಡಿಮೆ ಸಮ. ಹೀಗಾಗಿ ನಿಮ್ಮ ತಂಗಿಗೆ ಯಾವ ಕೀಮೋ, ಎಷ್ಟು ಸೈಕಲ್ ಆಗಿದೆ ಎಂದು ತಿಳಿಯದೆ ಪೆಟ್ ನೆಗೆಟಿವ್ ಎಂಬ ಎರಡು ಪದಗಳ ಮೇಲೆ ಏನನ್ನೂ ನಿರ್ಧರಿಸಲಾಗದು. ಅಂಕವನ್ನೂ ನೋಡಿಕೊಳ್ಳಿ: ಮೇಲಿನ ಉತ್ತರದಲ್ಲಿ ಅಂಕ 3 ನೆಗೆಟಿವ್ ಎಂದೆ, ಆದರೆ ರೇಡಿಯೇಷನ್ ಕೈಬಿಡಲು ಹೊರಟ ರ‍್ಯಾಪಿಡ್ ಮತ್ತು ಎಚ್‌ಡಿ16ರಲ್ಲಿ 1 ಮತ್ತು 2 ಮಾತ್ರ ನೆಗೆಟಿವ್. ಚಿಕಿತ್ಸೆ ಕಡಿಮೆ ಮಾಡುವಾಗ ಗೆರೆಯನ್ನು ಬಿಗಿಯಾಗಿ ಎಳೆಯುವುದು ಅವರ ಎಚ್ಚರಿಕೆ.

ರೇಡಿಯೇಷನ್ ತಪ್ಪಿಸಲು ಇಷ್ಟು ಪಾಡು ಏಕೆಂದರೆ, ಅದರ ಬೆಲೆ ತಡವಾಗಿ ಗೊತ್ತಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ 1965ರಿಂದ 2000ದವರೆಗೆ ಚಿಕಿತ್ಸೆ ಪಡೆದು ಕನಿಷ್ಠ ಐದು ವರ್ಷ ಬದುಕಿದ 3905 ಮಂದಿಯನ್ನು ಹಿಂಬಾಲಿಸಿದಾಗ, ನಲವತ್ತು ವರ್ಷಗಳ ಅವಧಿಯಲ್ಲಿ ಇನ್ನೊಂದು ಕ್ಯಾನ್ಸರ್ ಬರುವ ಸಂಭವ ಶೇ. 48.5 ಎಂದು ಕಂಡುಬಂತು. ಎಳೆಯ ವಯಸ್ಸಿನಲ್ಲಿ ಎದೆಗೆ ರೇಡಿಯೇಷನ್ ಪಡೆದ ಹೆಣ್ಣುಮಕ್ಕಳಲ್ಲಿ ಸ್ತನ ಕ್ಯಾನ್ಸರ್ ಅದರಲ್ಲಿ ಮುಖ್ಯವಾದುದು. ಇದನ್ನು ಓದಿ ಗಾಬರಿಯಾಗಬೇಡಿ. ಆ ಕಾಲದಲ್ಲಿ ಕುತ್ತಿಗೆಯಿಂದ ಎದೆಯವರೆಗೆ ಅಗಲವಾಗಿ, ಹೆಚ್ಚು ಪ್ರಮಾಣದಲ್ಲಿ ಕೊಡುತ್ತಿದ್ದರು. ಈಗ 20ರಿಂದ 30 ಗ್ರೇ (ವಿಕಿರಣ ಪ್ರಮಾಣದ ಅಳತೆ), ಅದೂ ರೋಗವಿದ್ದ ಜಾಗಕ್ಕೆ ಮಾತ್ರ. ಆದರೂ 27ರ ಹೆಣ್ಣುಮಗಳಲ್ಲಿ, ರೇಡಿಯೇಷನ್ ಬೀಳುವ ಜಾಗದೊಳಗೆ ಸ್ತನದ ಭಾಗ ಎಷ್ಟು ಬರುತ್ತದೆ ಎಂಬ ಪ್ರಶ್ನೆಯನ್ನು ರೇಡಿಯೇಷನ್ ವೈದ್ಯರಿಗೆ ನೇರವಾಗಿ ಕೇಳಿ. ರೋಗ ಕುತ್ತಿಗೆಯಲ್ಲಷ್ಟೇ ಇದ್ದಿದ್ದರೆ ನಾನು ರೇಡಿಯೇಷನ್ ಕಡೆಗೆ ವಾಲುತ್ತಿದ್ದೆ. ಎದೆಯಲ್ಲಿ ಕೆಳಗಿಳಿದಷ್ಟೂ ಬೇಡ ಎನ್ನುವವರ ಕಡೆಗೆ.

ಪ್ರಶ್ನೆ (ಕಲಬುರಗಿ): ನಮ್ಮ ಅಣ್ಣನಿಗೆ ಕುತ್ತಿಗೆಯಲ್ಲಿ ಗಂಟು ಬಂದಾಗ ಕ್ಷಯ ಎಂದು ಆರು ತಿಂಗಳು ಮಾತ್ರೆ ಕೊಟ್ಟರು. ನಂತರ ಹಾಡ್ಜ್‌ಕಿನ್ ಎಂದು ಗೊತ್ತಾಯಿತು. ಮೊದಲೇ ಪೆಟ್ ಮಾಡಿಸಿದ್ದರೆ ತಿಳಿಯುತ್ತಿತ್ತೇ?

ಉತ್ತರ: ಇಲ್ಲ. ಕ್ಷಯದ ಗ್ರಂಥಿಯೂ ಸಕ್ಕರೆಯನ್ನು ಚೆನ್ನಾಗಿ ಹೀರುತ್ತದೆ. ಸ್ಕ್ಯಾನಿನಲ್ಲಿ ಎರಡೂ ಒಂದೇ ರೀತಿ ಉರಿಯುತ್ತವೆ. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಎರಡರಲ್ಲೂ ಇರುತ್ತದೆ. ಸಾಲದ್ದಕ್ಕೆ, ಹಾಡ್ಜ್‌ಕಿನ್ ಇರುವ ಗ್ರಂಥಿಯಲ್ಲೇ ಕ್ಷಯದಲ್ಲಿ ಕಾಣುವಂಥ ಗ್ರಾನ್ಯುಲೋಮಾಗಳು (ಉರಿಯೂತದ ಕೋಶಗಳ ಸಣ್ಣ ಗುಂಪುಗಳು) ಇರಬಹುದು. ಸಣ್ಣ ಸೂಜಿ ಹಾಕಿ ನಾಲ್ಕು ಹನಿ ತೆಗೆದಾಗ ಗ್ರಾನ್ಯುಲೋಮಾ ಸಿಕ್ಕಿ, ವಿರಳವಾದ ರೀಡ್-ಸ್ಟರ್ನ್‌ಬರ್ಗ್ ಕೋಶ ಸಿಗದಿದ್ದರೆ ವರದಿ ಕ್ಷಯದ ಕಡೆಗೆ ತಿರುಗುತ್ತದೆ. ಇದಕ್ಕೆ ಮದ್ದು ಸ್ಕ್ಯಾನ್ ಅಲ್ಲ. ಗ್ರಂಥಿಯನ್ನು ಇಡಿಯಾಗಿ ತೆಗೆದು ಮಾಡುವ ಬಯಾಪ್ಸಿ.

ಇದೇ ಕಾರಣಕ್ಕೆ ಯೂರೋಪಿನ ಪ್ರಯೋಗಗಳ ಅಂಕಗಳನ್ನು ನಮ್ಮಲ್ಲಿ ಅನ್ವಯಿಸುವಾಗ ಒಂದು ಎಚ್ಚರ ಬೇಕು. ಹಳೆಯ ಗ್ರಂಥಿಗಳೆಲ್ಲ ಆರಿಹೋಗಿ, ಮೊದಲು ರೋಗವೇ ಇಲ್ಲದ ಜಾಗದಲ್ಲಿ ಹೊಸದೊಂದು ಹೊಳೆದರೆ, ಅಂಕ 5 ಎಂದು ಬರೆದು ಕೀಮೋ ಬದಲಿಸುವ ಮೊದಲು ಅದು ಸೋಂಕು ಇರಬಹುದೇ ಎಂದು ನೋಡಬೇಕು, ಸಾಧ್ಯವಿದ್ದರೆ ಅಲ್ಲಿಂದಲೇ ಬಯಾಪ್ಸಿ ತೆಗೆಯಬೇಕು.

ಪ್ರಶ್ನೆ (ವೈದ್ಯಕೀಯ ವಿದ್ಯಾರ್ಥಿ, ಮಂಗಳೂರು): ಹಂತ ನಿರ್ಧರಿಸಲು ಮೂಳೆಮಜ್ಜೆಯ ಬಯಾಪ್ಸಿ ಈಗಲೂ ಬೇಕೇ, ಸರ್?

ಉತ್ತರ: ಪೆಟ್-ಸಿ.ಟಿ. ಆಗಿದ್ದರೆ ಸಾಮಾನ್ಯವಾಗಿ ಬೇಡ. 2012ರಲ್ಲಿ ಡೆನ್ಮಾರ್ಕಿನವರು 454 ರೋಗಿಗಳನ್ನು ಪರಿಶೀಲಿಸಿ, ಮಜ್ಜೆಯ ಬಯಾಪ್ಸಿಯಿಂದ ಒಬ್ಬರ ಚಿಕಿತ್ಸೆಯೂ ಬದಲಾಗುತ್ತಿರಲಿಲ್ಲ ಎಂದು ತೋರಿಸಿದರು. 1960ರ ದಶಕದ ಕೊನೆಯಿಂದ ಹಲವು ವರ್ಷ, ರೋಗ ಹೊಟ್ಟೆಗೆ ಇಳಿದಿದೆಯೇ ಎಂದು ತಿಳಿಯಲಷ್ಟೇ ಹೊಟ್ಟೆ ಕೊಯ್ದು ಗುಲ್ಮವನ್ನು ತೆಗೆಯುತ್ತಿದ್ದರು ಎಂಬುದನ್ನು ನೆನೆದರೆ, ಇಮೇಜಿಂಗ್ ಎಷ್ಟು ರೋಗಿಗಳನ್ನು ಚಾಕುವಿನಿಂದ ಪಾರು ಮಾಡಿದೆ ಎಂದು ಗೊತ್ತಾಗುತ್ತದೆ.

ಪ್ರಶ್ನೆ (ಕನ್ನಡಿಗ, ಅಮೆರಿಕದಿಂದ): ಇಲ್ಲಿ ನನ್ನ ಸ್ನೇಹಿತನಿಗೆ ಮೊದಲಿನಿಂದಲೇ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿ ಕೊಡುತ್ತಿದ್ದಾರೆ. ಊರಿನಲ್ಲಿರುವವರಿಗೆ ಎ.ಬಿ.ವಿ.ಡಿ. ಕೊಡುವುದು ಹಿಂದುಳಿದ ಚಿಕಿತ್ಸೆಯಾಗುವುದಿಲ್ಲವೇ?

ಉತ್ತರ: ಅದಕ್ಕೆ ಆಧಾರ ಅಮೆರಿಕದ ‘ಎಸ್1826’ ಪ್ರಯೋಗ, 2024ರಲ್ಲಿ ಪ್ರಕಟವಾದದ್ದು. ಮೂರನೇ ಮತ್ತು ನಾಲ್ಕನೇ ಹಂತದ, 12 ವರ್ಷ ಮೇಲ್ಪಟ್ಟ ಸಾವಿರಕ್ಕೆ ಹತ್ತಿರದಷ್ಟು ರೋಗಿಗಳಲ್ಲಿ, ಬ್ಲಿಯೋಮೈಸಿನ್ ಬಿಟ್ಟ ಮೂರು ಔಷಧಿಗಳ ಜೊತೆಗೆ ನಿವೊಲುಮ್ಯಾಬ್ ಸೇರಿಸಿದಾಗ ಎರಡು ವರ್ಷಕ್ಕೆ ಶೇ. 92 ಮಂದಿ ರೋಗವಿಲ್ಲದೆ ಇದ್ದರು. ಅದರ ಬದಲು ಬ್ರೆಂಟುಕ್ಸಿಮ್ಯಾಬ್ ಎಂಬ ಇನ್ನೊಂದು ಹೊಸ ಔಷಧಿ ಸೇರಿಸಿದವರಲ್ಲಿ ಶೇ. 83. ಫಲಿತಾಂಶ ನಿಜಕ್ಕೂ ಒಳ್ಳೆಯದು. ಜರ್ಮನಿಯ ‘ಎಚ್‌ಡಿ21’ರಲ್ಲಿ ಬ್ರೆಂಟುಕ್ಸಿಮ್ಯಾಬ್ ಸೇರಿದ ಬ್ರೆಕ್ಯಾಡ್ ಎಂಬ ಬಲವಾದ ಕ್ರಮ ನಾಲ್ಕು ವರ್ಷಕ್ಕೆ ಶೇ. 94.3 ತಲುಪಿದೆ. ಆದರೆ ಬಲವಾದ ಕ್ರಮಕ್ಕೆ ರಕ್ತ ಕೊಡುವ, ಸೋಂಕನ್ನು ರಾತ್ರೋರಾತ್ರಿ ಎದುರಿಸುವ ಆಸ್ಪತ್ರೆ ಹತ್ತಿರವಿರಬೇಕು. ಹೊಸ ಔಷಧಿಗಳ ಬೆಲೆ ನಮ್ಮ ಬಹುಪಾಲು ಕುಟುಂಬಗಳಿಗೆ ಎಟುಕುವುದಿಲ್ಲ. ಹಿಂದುಳಿದದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1970ರ ದಶಕದಲ್ಲಿ ಮಿಲಾನಿನ ಬೊನಡೊನ್ನ ರೂಪಿಸಿದ ಎ.ಬಿ.ವಿ.ಡಿ. ಇಂದಿಗೂ ಬಹಳಷ್ಟು ಜನರನ್ನು ಗುಣಪಡಿಸುತ್ತಿದೆ. ಸೈಕಲ್ ತಪ್ಪದಂತೆ ಕೊಟ್ಟ ಎ.ಬಿ.ವಿ.ಡಿ., ಹಣ ಮುಗಿದು ನಡುವೆ ನಿಂತ ನಿವೊಲುಮ್ಯಾಬಿಗಿಂತ ಮೇಲು.

ನಿಮ್ಮ ಸ್ನೇಹಿತನಿಗೆ ಒಂದು ವಿಷಯ ತಿಳಿಸಿ. ಈ ಔಷಧಿ ದೇಹದ ರಕ್ಷಣಾ ಕೋಶಗಳನ್ನು ಕೆರಳಿಸುವುದರಿಂದ ಗ್ರಂಥಿ ಕೆಲಕಾಲ ಊದಿ ಸ್ಕ್ಯಾನಿನಲ್ಲಿ ಹೆಚ್ಚು ಹೊಳೆಯಬಹುದು. ಅದನ್ನು ತಕ್ಷಣ ರೋಗ ಬೆಳೆದಿದೆ ಎನ್ನದೆ ‘ಅನಿಶ್ಚಿತ’ ಎಂದು ಗುರುತಿಸಿ, ಕೆಲವು ವಾರಗಳ ನಂತರ ಮತ್ತೆ ನೋಡಬೇಕು ಎಂಬ ಮಾನದಂಡವನ್ನು 2016ರಲ್ಲೇ ರೂಪಿಸಲಾಗಿದೆ.

ಪ್ರಶ್ನೆ (ತುಮಕೂರು): ಚಿಕಿತ್ಸೆ ಮುಗಿದು ಒಂದು ವರ್ಷವಾಯಿತು. ಧೈರ್ಯಕ್ಕಾಗಿ ಆರು ತಿಂಗಳಿಗೊಮ್ಮೆ ಪೆಟ್ ಮಾಡಿಸಬಹುದೇ?

ಉತ್ತರ: ಬೇಡ. ಲಕ್ಷಣವಿಲ್ಲದವರಲ್ಲಿ ಅದು ಧೈರ್ಯಕ್ಕಿಂತ ಸುಳ್ಳು ಪಾಸಿಟಿವ್‌ಗಳನ್ನೇ ಹೆಚ್ಚು ತರುತ್ತದೆ. ಎಳೆಯರಲ್ಲಿ ಕೀಮೋ ನಂತರ ಥೈಮಸ್ ಗ್ರಂಥಿ ಮತ್ತೆ ಬೆಳೆದು ಎದೆಯ ನಡುವೆ ಹೊಳೆಯುವುದುಂಟು. ಅದಕ್ಕಾಗಿ ಎದೆಗೆ ಬಯಾಪ್ಸಿ ಮಾಡಿಸಿಕೊಂಡವರಿದ್ದಾರೆ. ವೈದ್ಯರು ಕೈಯಿಂದ ಮುಟ್ಟಿ ನೋಡುವ ತಪಾಸಣೆ, ರಕ್ತ ಪರೀಕ್ಷೆ ಸಾಕು. ಹೊಸ ಗಂಟು, ಕಾರಣವಿಲ್ಲದ ಜ್ವರ ಬಂದರೆ ಆಗ ಸ್ಕ್ಯಾನ್.

ಪ್ರಶ್ನೆ (ಮೊದಲಿನ ಸದಸ್ಯರು, ಶಿವಮೊಗ್ಗ): ಕೊನೆಯ ಸ್ಕ್ಯಾನಿಗೆ ಹೋಗುವಾಗ ಏನೇನು ಗಮನದಲ್ಲಿಡಬೇಕು?

ಉತ್ತರ: ಕೊನೆಯ ಕೀಮೋ ಆಗಿ ಆರರಿಂದ ಎಂಟು ವಾರ ಬಿಟ್ಟು ಮಾಡಿಸಿ, ರೇಡಿಯೇಷನ್ ಆಗಿದ್ದರೆ ಮೂರು ತಿಂಗಳು. ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಇತ್ತೀಚೆಗೆ ಕೊಟ್ಟಿದ್ದರೆ ಮೂಳೆಮಜ್ಜೆಯೆಲ್ಲ ಹೊಳೆಯುತ್ತದೆ, ಅದನ್ನು ಮೊದಲೇ ತಿಳಿಸಿ. ಆರು ಗಂಟೆ ಖಾಲಿ ಹೊಟ್ಟೆ, ಆದರೆ ನೀರು ಕುಡಿಯಬಹುದು. ಸಕ್ಕರೆ ಕಾಯಿಲೆ ಇದ್ದವರು ಇನ್ಸುಲಿನ್ ಸಮಯವನ್ನು ಕೇಳಿಕೊಂಡು ಹೋಗಬೇಕು. ಔಷಧಿ ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಮಲಗಿರಬೇಕು. ಫೋನಿನಲ್ಲಿ ಮಾತು ಬೇಡ, ಏನನ್ನೂ ಅಗಿಯುವುದು ಬೇಡ. ಆ ಕೋಣೆ ತಣ್ಣಗಿದ್ದರೆ ಕಂಬಳಿ ಕೇಳಿ ಹೊದೆಯಿರಿ, ಏಕೆಂದರೆ ಚಳಿಗೆ ಕುತ್ತಿಗೆಯ ಕಂದು ಕೊಬ್ಬು ಎಚ್ಚೆತ್ತು ಸಕ್ಕರೆ ಹೀರಿ ಗ್ರಂಥಿಯಂತೆ ಕಾಣಿಸುತ್ತದೆ. ಬಳಸುವ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧಕ್ಕಿಳಿಯುವುದರಿಂದ, ಕೊಟ್ಟ ಸಮಯಕ್ಕೆ ತಲುಪದಿದ್ದರೆ ಅವರು ನಿಮಗಾಗಿ ಕಾದಿಡಲಾರರು. ಹಿಂದಿನ ರಾತ್ರಿಯೇ ಊರು ಸೇರಿಕೊಳ್ಳಿ. ಸಾಧ್ಯವಾದಷ್ಟು ಮೊದಲಿನ ಯಂತ್ರದಲ್ಲೇ ಮಾಡಿಸಿ. ಬೇರೆ ಕಡೆ ಹೋಗಲೇಬೇಕಾದರೆ ಹಳೆಯ ಎರಡೂ ಸ್ಕ್ಯಾನುಗಳ ಸಿ.ಡಿ. ಜೊತೆಗಿರಲಿ, ವರದಿಯ ಹಾಳೆ ಮಾತ್ರ ಕೊಟ್ಟರೆ ಅಕ್ಕಪಕ್ಕ ಇಟ್ಟು ನೋಡಲು ಅವರ ಬಳಿ ಚಿತ್ರವೇ ಇರುವುದಿಲ್ಲ.